ನೌಕರಿ ಮಾಡುತ್ತಾ ಎಂ.ಎ.: ಇಗ್ನೋ, ಕೆಎಸ್‌ಒಯು, ಆನ್‌ಲೈನ್ ಪದವಿ – ರಜೆಯ ಲೆಕ್ಕದಲ್ಲಿ ಯಾವುದು ನಿಲ್ಲುತ್ತದೆ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಒಲವು ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯ, ಅಂದರೆ ಇಗ್ನೋ ಕಡೆಗೆ. ಕಾರಣ ಅದರ ಹೆಸರಲ್ಲ, ಶುಲ್ಕವೂ ಅಲ್ಲ, ರಜೆ. ತಾಲ್ಲೂಕು ಕಚೇರಿಯಲ್ಲೋ ಖಜಾನೆಯಲ್ಲೋ ಎಫ್‌ಡಿಎ ಆಗಿರುವವರು ಎಂ.ಎ.ಗೆ ಸೇರುವಾಗ ಶುಲ್ಕ ಎಷ್ಟು, ಪುಸ್ತಕ ಮನೆಗೆ ಬರುತ್ತದೆಯೇ, ಪ್ರಮಾಣಪತ್ರಕ್ಕೆ ಬೆಲೆ ಇದೆಯೇ ಎಂದೆಲ್ಲ ವಿಚಾರಿಸುತ್ತಾರೆ. ಪರೀಕ್ಷೆಗೆ ಎಷ್ಟು ದಿನ ರಜೆ ಬೇಕಾದೀತು ಎಂದು ಎಣಿಸುವವರು ಕಡಿಮೆ. ಓದು ಅರ್ಧಕ್ಕೆ ನಿಲ್ಲುವುದು ಮಾತ್ರ ಬಹಳ ಸಲ ಅಲ್ಲೇ.

ಲೆಕ್ಕ ಹಾಕೋಣ. 2019ರ ಜೂನ್‌ನಲ್ಲಿ ನಾಲ್ಕನೇ ಶನಿವಾರದ ರಜೆ ಬಂದಾಗ ರಾಜ್ಯ ಸರ್ಕಾರಿ ನೌಕರರ ಸಾಂದರ್ಭಿಕ ರಜೆ 15ರಿಂದ 10ಕ್ಕೆ ಇಳಿಯಿತು. ಮಗುವಿನ ಜ್ವರ, ತಂಗಿಯ ಮದುವೆ, ಊರ ಜಾತ್ರೆ ಎಲ್ಲಕ್ಕೂ ಈ ಹತ್ತೇ ದಿನ. ಗಳಿಕೆ ರಜೆ ವರ್ಷಕ್ಕೆ 30 ಇದೆ, ನಿಜ. ಅದು ಮಂಜೂರಾಗಬೇಕು, ಜಾಗ ನೋಡಿಕೊಳ್ಳಲು ಇನ್ನೊಬ್ಬರು ಬೇಕು. ಸೆಮಿಸ್ಟರ್‌ಗೆ ಐದು ಪತ್ರಿಕೆ ಎಂದಿಟ್ಟುಕೊಂಡರೆ ವರ್ಷಕ್ಕೆ ಹತ್ತು ಪರೀಕ್ಷಾ ದಿನ. ಸಾಂದರ್ಭಿಕ ರಜೆ ಪೂರ್ತಿ ಅಲ್ಲಿಗೇ ಖಾಲಿ.

ಇಗ್ನೋದಲ್ಲಿ ಈ ಲೆಕ್ಕ ಬೇರೆ. ಇಂಗ್ಲಿಷ್, ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರಗಳ ಎಂ.ಎ. ಬಹುಕಾಲದಿಂದ ನಡೆದುಬಂದಿರುವುದು 64 ಕ್ರೆಡಿಟ್‌ಗಳ ಪಠ್ಯಕ್ರಮದಲ್ಲಿ, ಮೊದಲ ವರ್ಷಕ್ಕೆ ಎಂಟೆಂಟು ಕ್ರೆಡಿಟ್‌ನ ನಾಲ್ಕೇ ದೊಡ್ಡ ಪತ್ರಿಕೆ. ಕ್ರೆಡಿಟ್ ಎಂದರೆ ಓದಿನ ಪ್ರಮಾಣದ ಅಳತೆ. ಪಠ್ಯಕ್ರಮ ಪರಿಷ್ಕರಣೆ ಆಗುತ್ತಿರುತ್ತದೆ, ಆದ್ದರಿಂದ ಸೇರುವ ಮೊದಲು ಪ್ರೋಗ್ರಾಂ ಗೈಡ್ ತೆಗೆದು ಪತ್ರಿಕೆಗಳ ಸಂಖ್ಯೆಯನ್ನು ಬೆರಳಿಟ್ಟು ಎಣಿಸಿ. ಅದೇ 64 ಕ್ರೆಡಿಟ್ ನಾಲ್ಕು ನಾಲ್ಕರಂತೆ ಒಡೆದಿದ್ದರೆ ಹದಿನಾರು ಪರೀಕ್ಷೆ, ಎಂಟೆಂಟರಂತಿದ್ದರೆ ಎಂಟು. ಪದವಿ ಒಂದೇ, ರಜೆ ಅರ್ಧ.

ಪರೀಕ್ಷೆ ಜೂನ್ ಮತ್ತು ಡಿಸೆಂಬರ್‌ನಲ್ಲಿ. ಅರ್ಹತೆ ಬಂದ ಮೇಲೆ ಯಾವ ಪತ್ರಿಕೆಯನ್ನು ಯಾವಾಗ ಬರೆಯಬೇಕು ಎಂಬುದು ನಿಮ್ಮ ಕೈಲಿ. ಪತ್ರಿಕೆಯೊಂದಕ್ಕೆ 200 ರೂಪಾಯಿ ಕಟ್ಟಿ ಈ ಸಲಕ್ಕೆ ಎರಡು, ಮುಂದಿನ ಸಲಕ್ಕೆ ಒಂದು ಎಂದು ಹಂಚಿಕೊಳ್ಳಬಹುದು. ಒಂದು ತಪ್ಪಿದರೆ ಹೋಗುವುದು ಆರು ತಿಂಗಳು, ವರ್ಷವಲ್ಲ. ಅರ್ಜಿ ತುಂಬುವ ಹೊತ್ತಿಗೆ ತಾತ್ಕಾಲಿಕ ವೇಳಾಪಟ್ಟಿ ಸಾಮಾನ್ಯವಾಗಿ ಜಾಲತಾಣದಲ್ಲಿರುತ್ತದೆ. ಅದನ್ನು ಕಚೇರಿಯ ಕ್ಯಾಲೆಂಡರ್ ಪಕ್ಕದಲ್ಲಿಟ್ಟು ನೋಡಿದ ನಂತರವೇ ಹಣ ಕಟ್ಟಿ.

ಇಲ್ಲಿ ಒಂದು ಮಾತು. ಜೂನ್ ಮತ್ತು ಡಿಸೆಂಬರ್ ಒಂದೇ ಅಲ್ಲ. ಡಿಸೆಂಬರ್ ಎಂದರೆ ಸಾಮಾನ್ಯವಾಗಿ ಬೆಳಗಾವಿ ಅಧಿವೇಶನದ ಕಾಲ. ಶಾಸಕರ ಪ್ರಶ್ನೆಗಳಿಗೆ ಸಂಜೆಯೊಳಗೆ ಉತ್ತರ ಹೋಗಬೇಕಾದ ಇಲಾಖೆಗಳಲ್ಲಿ ರಜೆ ಚೀಟಿ ಮೇಜಿನ ಮೇಲೇ ಉಳಿಯುತ್ತದೆ. 2020ರಲ್ಲಿ ಗ್ರಾಮ ಪಂಚಾಯಿತಿ ಚುನಾವಣೆಯೂ ಡಿಸೆಂಬರ್‌ನಲ್ಲೇ ಬಂದಿತ್ತು. ಆದ್ದರಿಂದ ಕಷ್ಟದ ಪತ್ರಿಕೆಗಳನ್ನು ಜೂನ್‌ಗೆ ಇಡಿ, ಡಿಸೆಂಬರ್‌ಗೆ ಒಂದೋ ಎರಡೋ ಸಾಕು. ಹೊತ್ತು ಬೆಳಗ್ಗೆ 10ರಿಂದ 1, ಇಲ್ಲವೇ ಮಧ್ಯಾಹ್ನ 2ರಿಂದ 5. ಕೇಂದ್ರ ಅದೇ ಊರಿನಲ್ಲಿದ್ದರೆ ಬೆಳಗಿನ ಪತ್ರಿಕೆ ಮುಗಿಸಿ ಕಚೇರಿಗೆ ಹೋಗಬಹುದು, ಅರ್ಧ ದಿನದ ರಜೆಯಲ್ಲಿ ಮುಗಿಯುತ್ತದೆ. ತಾಲ್ಲೂಕಿನಿಂದ ಜಿಲ್ಲಾ ಕೇಂದ್ರಕ್ಕೆ ಬಸ್ಸಿನಲ್ಲಿ ಹೋಗುವವರಿಗೆ ಪೂರ್ತಿ ದಿನವೇ ಗತಿ. ವರ್ಗಾವಣೆ ಆದರೂ ಚಿಂತೆಯಿಲ್ಲ, ಪರೀಕ್ಷಾ ಕೇಂದ್ರವನ್ನು ಪ್ರತಿ ಸಲದ ಅರ್ಜಿಯಲ್ಲೇ ಆರಿಸಿಕೊಳ್ಳುವುದು.

ಎರಡೇ ವರ್ಷದಲ್ಲಿ ಮುಗಿಸುತ್ತೇನೆ ಎಂಬ ಹಟ ಬೇಡ. ಒಂದು ಕ್ರೆಡಿಟ್ ಎಂದರೆ 30 ಗಂಟೆಯ ಓದು. 64 ಕ್ರೆಡಿಟ್‌ಗೆ 1,920 ಗಂಟೆ. ದಿನಕ್ಕೆ ಒಂದೂವರೆ ಗಂಟೆಯಂತೆ ಆರು ದಿನ, ಭಾನುವಾರ ನಾಲ್ಕು ಗಂಟೆ ಓದಿದರೆ ವಾರಕ್ಕೆ 13. ಅಲ್ಲಿಗೆ ಸುಮಾರು 148 ವಾರ, ಮೂರು ವರ್ಷಕ್ಕೆ ಸ್ವಲ್ಪ ಕಡಿಮೆ. ಇಗ್ನೋ ಎಂ.ಎ.ಗೆ ನಾಲ್ಕು ವರ್ಷದವರೆಗೆ ಅವಕಾಶವಿದೆ. ಒಟ್ಟು ಎಂಟೇ ಪತ್ರಿಕೆಯಿದ್ದರೆ, ಮೂರು, ಮೂರು, ಎರಡು ಪತ್ರಿಕೆಗಳಂತೆ ಮೂರು ವರ್ಷಕ್ಕೆ ಹಂಚಿದರೆ ಯಾವ ವರ್ಷವೂ ಪರೀಕ್ಷೆಗೆಂದು ಮೂರು ದಿನಕ್ಕಿಂತ ಹೆಚ್ಚು ರಜೆ ಬೇಕಾಗುವುದಿಲ್ಲ. ಎರಡನೇ ವರ್ಷದ ಮರುನೋಂದಣಿ ಮಾತ್ರ ಕಾಲಕ್ಕೆ ಸರಿಯಾಗಿ ಆಗಬೇಕು. ಅದಕ್ಕೆ ಮೊದಲ ವರ್ಷದ ಫಲಿತಾಂಶ ಕಾಯುವ ಅಗತ್ಯವಿಲ್ಲ.

ಅಸೈನ್‌ಮೆಂಟ್ ವಿಷಯದಲ್ಲಿ ಉದಾಸೀನ ಮಾಡಬೇಡಿ. ಅದಕ್ಕೆ ಶೇ 30, ಪರೀಕ್ಷೆಗೆ ಶೇ 70. ಎರಡರಲ್ಲೂ ಪ್ರತ್ಯೇಕವಾಗಿ ಶೇ 40 ಬಂದರೆ ಪಾಸು, ಸರಿ. ಆದರೆ ನಾಳೆ ಕಾಲೇಜು ಅಧ್ಯಾಪಕರ ಅರ್ಹತಾ ಪರೀಕ್ಷೆಗಳಾದ ನೆಟ್ ಅಥವಾ ಕೆ-ಸೆಟ್ ಬರೆಯುವ ಆಸೆಯಿದ್ದರೆ ಸಾಮಾನ್ಯ ವರ್ಗದವರಿಗೆ ಎಂ.ಎ.ಯಲ್ಲಿ ಶೇ 55 ಬೇಕು. ಅಸೈನ್‌ಮೆಂಟ್‌ನಲ್ಲಿ 70 ಬಂದಿದ್ದರೆ ಅಲ್ಲಿಂದಲೇ 21 ಅಂಕ ಸಿಕ್ಕಂತೆ, ಪರೀಕ್ಷೆಯಲ್ಲಿ 49 ತೆಗೆದರೂ ದಾಟಬಹುದು. ಅವಸರದಲ್ಲಿ ಗೀಚಿ 50 ಬಂದರೆ ಸಿಗುವುದು 15, ಆಗ ಪರೀಕ್ಷೆಯಲ್ಲಿ 58 ಬೇಕು. ಇಂಗ್ಲಿಷ್‌ನಲ್ಲಿ ಮೂರು ಗಂಟೆ ಬರೆದು 58 ತೆಗೆಯುವುದಕ್ಕಿಂತ ಮನೆಯಲ್ಲಿ ಕೂತು ಅಸೈನ್‌ಮೆಂಟ್‌ನಲ್ಲಿ 70 ತೆಗೆಯುವುದು ಎಷ್ಟೋ ಸುಲಭ. ಉತ್ತರ ಕೈಬರಹದಲ್ಲಿರಲಿ, ನಿಮ್ಮ ಅವಧಿಯ ಪ್ರಶ್ನೆಗಳಿಗೇ ಬರೆಯಿರಿ. ಗೆಳೆಯರ ಹಳೆಯ ಪ್ರಶ್ನೆಪತ್ರಿಕೆ ನೋಡಿ ಬರೆದರೆ ಪಟ್ಟ ಶ್ರಮವೆಲ್ಲ ನೀರಲ್ಲಿ ಹೋಮ. ಸಲ್ಲಿಸುವ ಮುಂಚೆ ಪ್ರತಿ ಪುಟವನ್ನೂ ಫೋನಿನಲ್ಲಿ ಸ್ಕ್ಯಾನ್ ಮಾಡಿ, ಸ್ವೀಕೃತಿ ಚೀಟಿಯನ್ನು ಅಂಕಪಟ್ಟಿ ಕೈಗೆ ಬರುವವರೆಗೂ ಜೋಪಾನವಾಗಿಡಿ. ಪರೀಕ್ಷೆ ಪಾಸಾಗಿದ್ದರೂ ಅಸೈನ್‌ಮೆಂಟ್ ಅಂಕ ಏರದಿದ್ದರೆ ಆ ಪತ್ರಿಕೆ ಮುಗಿಯದ ಲೆಕ್ಕ.

ಇನ್ನು ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ, ಅಂದರೆ ಕೆಎಸ್‌ಒಯು. 1969ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಅಂಚೆ ತೆರಪಿನ ಶಿಕ್ಷಣವಾಗಿ ಶುರುವಾಗಿ, 1996ರಲ್ಲಿ ಸ್ವತಂತ್ರ ವಿಶ್ವವಿದ್ಯಾನಿಲಯವಾದದ್ದು. ಕನ್ನಡ ಎಂ.ಎ. ಬೇಕೆನ್ನುವವರು ಹೆಚ್ಚು ಯೋಚಿಸದೆ ಇಲ್ಲಿಗೇ ಬನ್ನಿ. ಇತಿಹಾಸ, ರಾಜ್ಯಶಾಸ್ತ್ರದಂಥ ವಿಷಯಗಳನ್ನೂ ಕನ್ನಡದಲ್ಲೇ ಬರೆಯಬಹುದು, ಇಗ್ನೋದಲ್ಲಿ ಇವಕ್ಕೆ ಇಂಗ್ಲಿಷ್ ಇಲ್ಲವೇ ಹಿಂದಿ. ಸಂಪರ್ಕ ತರಗತಿಗಳಲ್ಲಿ ಮೇಷ್ಟ್ರ ಮುಖ ನೋಡಿ ಕೇಳಬಹುದು, ಜಿಲ್ಲೆಗಳಲ್ಲಿ ಪ್ರಾದೇಶಿಕ ಕೇಂದ್ರಗಳಿವೆ. ಆದರೆ ಸೆಮಿಸ್ಟರ್ ಪದ್ಧತಿ. ಪತ್ರಿಕೆಗಳು ಒಂದರ ಬೆನ್ನಿಗೆ ಒಂದು ಬರುತ್ತವೆ, ಮೇಲೆ ಹೇಳಿದ ಹತ್ತು ದಿನದ ಕಷ್ಟ ಬರುವುದು ಇಲ್ಲಿ. ಮಾನ್ಯತೆಯ ಬಗ್ಗೆ ಈಗಲೂ ಕೇಳುವವರಿದ್ದಾರೆ: 2013-14ರಿಂದ ಯುಜಿಸಿ (ವಿಶ್ವವಿದ್ಯಾನಿಲಯ ಅನುದಾನ ಆಯೋಗ) ಮಾನ್ಯತೆ ಇರಲಿಲ್ಲ, 2018-19ರಿಂದ ಮರಳಿ ಸಿಕ್ಕಿತು. ಯಾವ ವಿಶ್ವವಿದ್ಯಾನಿಲಯವೇ ಆಗಲಿ, ನೀವು ಸೇರುವ ವರ್ಷಕ್ಕೆ, ನೀವು ಸೇರುವ ಕೋರ್ಸಿಗೆ ಮಾನ್ಯತೆ ಇದೆಯೇ ಎಂದು ಯುಜಿಸಿಯ ದೂರಶಿಕ್ಷಣ ಬ್ಯೂರೊ ಪಟ್ಟಿಯಲ್ಲಿ ನೋಡಿ.

ಖಾಸಗಿ ವಿಶ್ವವಿದ್ಯಾನಿಲಯಗಳ ಆನ್‌ಲೈನ್ ಪದವಿಯಲ್ಲಿ ರಜೆಯ ಸಮಸ್ಯೆ ಎಲ್ಲಕ್ಕಿಂತ ಕಡಿಮೆ. ತರಗತಿ ವಾರಾಂತ್ಯದಲ್ಲಿ, ಪರೀಕ್ಷೆ ಎಷ್ಟೋ ಕಡೆ ಮನೆಯಲ್ಲೇ ಕ್ಯಾಮೆರಾ ಮುಂದೆ. ಕರೆಂಟು ಹೋದರೆ ಲ್ಯಾಪ್‌ಟಾಪ್ ಬ್ಯಾಟರಿ ಇರುತ್ತದೆ, ವೈಫೈ ರೂಟರ್‌ಗೆ ಇರುವುದಿಲ್ಲ. ರೂಟರ್‌ಗೇ ಒಂದು ಪುಟ್ಟ ಯುಪಿಎಸ್ ಬೇಕು. ನನಗೆ ಒಪ್ಪಿಗೆಯಾಗದ್ದು ದುಡ್ಡಿನ ವಿಚಾರ. ಶುಲ್ಕ ಲಕ್ಷ ದಾಟುವುದು ಸಾಮಾನ್ಯ, ಬಡ್ಡಿಯಿಲ್ಲದ ಕಂತು ಎಂದು ಫೋನಿನಲ್ಲಿ ಹೇಳುವುದು ಬಹಳ ಸಲ ನಿಮ್ಮ ಹೆಸರಿನಲ್ಲೇ ಎತ್ತುವ ಸಾಲ. ಮೂರನೇ ತಿಂಗಳಿಗೆ ಓದು ಬಿಟ್ಟರೂ ಕಂತು ಬಿಡುವುದಿಲ್ಲ. ಇಪ್ಪತ್ತು ಸಾವಿರದೊಳಗೆ ಮುಗಿಯುವ ಎಂ.ಎ.ಗಳು ಇಗ್ನೋದಲ್ಲಿರುವಾಗ, ಬಡ್ತಿಗೆ ಅದೇ ಬೆಲೆಯ ಪದವಿಗೆ ಐದು ಪಟ್ಟು ಕೊಡಲು ನಾನು ಯಾರಿಗೂ ಹೇಳಲಾರೆ. ಮಾನ್ಯತೆ ಪಡೆದ ದೂರಶಿಕ್ಷಣ ಮತ್ತು ಆನ್‌ಲೈನ್ ಪದವಿಗಳು ರೆಗ್ಯುಲರ್ ಪದವಿಗೆ ಸಮ ಎಂದು ಯುಜಿಸಿ 2022ರ ಸೆಪ್ಟೆಂಬರ್‌ನಲ್ಲೇ ಸ್ಪಷ್ಟಪಡಿಸಿದೆ.

ಸರ್ಕಾರಿ ನೌಕರರು ಎಲ್ಲಿಗೇ ಸೇರಲಿ, ಮೊದಲು ಇಲಾಖೆಯ ಅನುಮತಿ ಪಡೆಯಿರಿ. ಕೋರ್ಸ್ ಮುಗಿದ ಮೇಲೆ ಪದವಿಯನ್ನು ಸೇವಾ ಪುಸ್ತಕದಲ್ಲಿ ದಾಖಲಿಸಲು ಹೋದಾಗ ಅನುಮತಿ ಪತ್ರದ ದಿನಾಂಕ ಪ್ರವೇಶಕ್ಕಿಂತ ಹಿಂದಿನದೇ ಎಂದು ನೋಡುತ್ತಾರೆ. 2024ರಿಂದ ಪ್ರವೇಶಕ್ಕೆ ಡೆಬ್-ಐಡಿಯೂ (ಯುಜಿಸಿಯ ದೂರಶಿಕ್ಷಣ ಬ್ಯೂರೊದ ಗುರುತಿನ ಸಂಖ್ಯೆ) ಕಡ್ಡಾಯ, ಅದಕ್ಕೆ ಎಬಿಸಿ ಐಡಿ (ವಿದ್ಯಾರ್ಥಿಯ ಕ್ರೆಡಿಟ್ ಖಾತೆಯ ಸಂಖ್ಯೆ) ಬೇಕು. ಆಧಾರ್‌ನಲ್ಲಿರುವ ಹೆಸರು ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ ಹೊಂದದಿದ್ದರೆ ಅದನ್ನು ಮೊದಲೇ ಸರಿಪಡಿಸಿಕೊಳ್ಳಿ.

ಬೆಳಗ್ಗೆ ಐದಕ್ಕೆ ಎದ್ದು ಒಬ್ಬರೇ ಓದುವ ಅಭ್ಯಾಸ, ಕಡಿಮೆ ಬಜೆಟ್, ಎಣಿಸಿದ ರಜೆ: ಇಷ್ಟಿದ್ದರೆ ಇಗ್ನೋ. ಅನುಮಾನ ಉಳಿಯುವುದು ಇಂಗ್ಲಿಷ್ ಒಂದರ ಬಗ್ಗೆ, ಅದನ್ನು ಸೇರುವ ಮುಂಚೆಯೇ ಪರೀಕ್ಷಿಸಿಕೊಳ್ಳಬಹುದು. ಹಳೆಯ ಪ್ರಶ್ನೆಪತ್ರಿಕೆಗಳು ಇಗ್ನೋ ಜಾಲತಾಣದಲ್ಲಿ, ಪಾಠಗಳು ಅದರದೇ ಇ-ಜ್ಞಾನಕೋಶ ತಾಣದಲ್ಲಿ ಉಚಿತವಾಗಿವೆ. ಒಂದು ಘಟಕ ಓದಿ, ಅದರ ಒಂದು ಪ್ರಶ್ನೆಗೆ ಪುಸ್ತಕ ಮುಚ್ಚಿ ಉತ್ತರ ಬರೆಯಿರಿ. ಮೂರು ಗಂಟೆಗೆ ಐದು ಉತ್ತರ ಎಂದರೆ ಒಂದಕ್ಕೆ 36 ನಿಮಿಷ. ಗಡಿಯಾರ ಇಟ್ಟುಕೊಂಡು ಮೂರು ಭಾನುವಾರ ಹೀಗೆ ಬರೆದು ನೋಡಿ. ಮೂರನೇ ಭಾನುವಾರವೂ 36 ನಿಮಿಷಕ್ಕೆ ಒಂದು ಪುಟ ದಾಟದಿದ್ದರೆ, ರಜೆ ಹೇಗೋ ಹೊಂದಿಸಿಕೊಂಡು ಮೈಸೂರಿನ ಅರ್ಜಿಯನ್ನೇ ತುಂಬಿ.