ಮಹಾರಾಜನ ಕಾರ್ಡು, ಯುನೈಟೆಡ್ ಎಕ್ಸ್‌ಪ್ರೆಸ್ಸಿನ ಪುಟ್ಟ ವಿಮಾನ: ಸ್ಟಾರ್ ಗೋಲ್ಡ್ ನಡೀತಾ?

ನಮ್ಮಕ್ಕ ಇರೋದು ಅಮೆರಿಕದ ಅರ್ಕಾನ್ಸಾದಲ್ಲಿ, ಬೆಂಟನ್‌ವಿಲ್ ಅಂತ, ವಾಲ್‌ಮಾರ್ಟ್ ಹೆಡ್ಡಾಫೀಸಿನ ಊರು. ಬೆಂಗ್ಳೂರಿಂದ ಹೋಗೋರಿಗೆ ಕೊನೇ ತುಂಡು ಹೆಚ್ಚೂಕಮ್ಮಿ ಸಣ್ಣ ವಿಮಾನದಲ್ಲೇ. ನಾನು ತಗೊಂಡಿದ್ದು ಬೆಂಗ್ಳೂರು, ಫ್ರಾಂಕ್‌ಫರ್ಟ್, ಶಿಕಾಗೋ ತನಕ ಲುಫ್ತಾನ್ಸಾ, ಅಲ್ಲಿಂದ ನಾರ್ತ್‌ವೆಸ್ಟ್ ಅರ್ಕಾನ್ಸಾ ಏರ್‌ಪೋರ್ಟಿಗೆ ಯುನೈಟೆಡ್ ಎಕ್ಸ್‌ಪ್ರೆಸ್. ಲುಫ್ತಾನ್ಸಾ ಬಗ್ಗೆ ಬರೆಯೋಕೆ ಬೇಕಾದಷ್ಟು ಜನ ಇದಾರೆ, ನಾನು ಆ ಕೊನೇ ತುಂಡಿನ ಬಗ್ಗೆ ಮಾತ್ರ ಬರೀತೀನಿ, ಯಾಕಂದ್ರೆ ಹೊರಡೋಕೆ ಮುಂಚೆ ನನಗಿದ್ದ ತಲೆನೋವೆಲ್ಲ ಅದರದ್ದೇ.

ನನ್ನ ಹತ್ರ ಏರ್ ಇಂಡಿಯಾ ಗೋಲ್ಡ್ ಇದೆ, ಪದೇ ಪದೇ ಹಾರೋರಿಗೆ ಕೊಡೋ ಮೆಂಬರ್ ಕಾರ್ಡು. ಫ್ಲೈಯಿಂಗ್ ರಿಟರ್ನ್ಸ್ ಅಂತಿದ್ದದ್ದು ಈಗ ಮಹಾರಾಜ ಕ್ಲಬ್ ಆಗಿದೆಯಲ್ಲ, ಅದು. ಏರ್ ಇಂಡಿಯಾ 2014ರ ಜುಲೈನಲ್ಲಿ ಸ್ಟಾರ್ ಅಲಯನ್ಸ್ ಅನ್ನೋ ಏರ್‌ಲೈನುಗಳ ಕೂಟ ಸೇರಿದ್ದರಿಂದ (ಯುನೈಟೆಡ್ಡೂ ಅದರಲ್ಲಿದೆ) ಆ ಗೋಲ್ಡು ಇಡೀ ಕೂಟದಲ್ಲಿ ನಡೆಯೋ ಸ್ಟಾರ್ ಗೋಲ್ಡೂ ಹೌದು. ಲಾಂಜು, ಒಂದು ಬ್ಯಾಗ್ ಜಾಸ್ತಿ, ಮೊದಲು ಹತ್ತೋದು, ಎಲ್ಲಾ ಇರಬೇಕು. ಆದ್ರೆ ಟಿಕೆಟ್ ತೆಗೆದು ನೋಡಿದ್ರೆ ಯುನೈಟೆಡ್ ನಂಬರಿನ ಕೆಳಗೆ ಸಣ್ಣಕ್ಷರದಲ್ಲಿ "ಆಪರೇಟೆಡ್ ಬೈ ಸ್ಕೈವೆಸ್ಟ್ ಡಿಬಿಎ ಯುನೈಟೆಡ್ ಎಕ್ಸ್‌ಪ್ರೆಸ್". ಸ್ಕೈವೆಸ್ಟ್ ಯಾರಪ್ಪ ಇದು? ಸ್ಟಾರ್ ಅಲಯನ್ಸ್ ಮೆಂಬರ್ ಪಟ್ಟೀಲಿ ಹುಡುಕಿದೆ, ಇಲ್ಲ. ಅಲ್ಲಿಗೆ ಎದೆ ಧಸಕ್ ಅಂತು.

ಧಸಕ್ ಅನ್ನೋಕೆ ಕಾರಣ ಇದೆ. ಹಿಂದೊಂದ್ಸಲ ಒಂದು ದೊಡ್ಡ ಏರ್‌ಲೈನಿನ ಅಗ್ಗದ ತಂಗಿ ಕಂಪನೀಲಿ ಹೋಗಿದ್ದೆ, ಹೆಸರು ಬೇಡ. ಅಕ್ಕನ ಏರ್‌ಲೈನು ಅಲಯನ್ಸಲ್ಲಿದೆ, ಇವಳೂ ಅದೇ ಮನೆಯೋಳು ತಾನೇ ಅಂತ ಗತ್ತಲ್ಲಿ ಕಾರ್ಡ್ ತೋರಿಸಿದ್ರೆ ಕೌಂಟರ್ ಹುಡುಗಿ ಅದನ್ನ ಹಿಂದೆ ಮುಂದೆ ತಿರುಗಿಸಿ ನೋಡಿ "ಸರ್, ಇದು ನಮ್ಮಲ್ಲಿ ಬರಲ್ಲ" ಅಂತ ವಾಪಸ್ ಕೊಟ್ಲು. ಹಿಂದೆ ಕ್ಯೂ ಬೇರೆ. ಜಾಸ್ತಿ ಬ್ಯಾಗಿಗೆ ದುಡ್ಡು ಕಟ್ಟಿದೆ, ತೆಪ್ಪಗೆ ಹೋಗಿ ಗೇಟಲ್ಲಿ ಕೂತೆ. ಒಡಹುಟ್ಟಿದ ಕಂಪನಿಗೇ ಈ ಗತಿ ಅಂದ್ರೆ ಯಾರೋ ಸಂಬಂಧವೇ ಇಲ್ಲದ ಸ್ಕೈವೆಸ್ಟಿಗೆ ಏನ್ ಸಿಗುತ್ತೆ ಅಂತ ನನ್ನ ಲೆಕ್ಕ.

ಲೆಕ್ಕ ತಲೆಕೆಳಗಾಯ್ತು. ಯುನೈಟೆಡ್ ಎಕ್ಸ್‌ಪ್ರೆಸ್ಸಲ್ಲಿ ಕಾರ್ಡ್ ಚೆನ್ನಾಗೇ ನಡೆಯುತ್ತೆ.

ಹೇಗೆ ಅಂದ್ರೆ ನಮ್ಮ ಬಿಎಂಟಿಸಿ ಎಲೆಕ್ಟ್ರಿಕ್ ಬಸ್ ನೆನೆಸ್ಕೊಳ್ಳಿ. ಬಸ್ಸು ಪ್ರೈವೇಟ್ ಕಂಪನೀದು, ಡ್ರೈವರ್ ಅವರ ಕಡೆಯೋನು, ಆದ್ರೆ ಕಂಡಕ್ಟರು ಬಿಎಂಟಿಸಿ, ಟಿಕೆಟ್ ಬಿಎಂಟಿಸಿ, ಪಾಸೂ ನಡೆಯುತ್ತೆ, ಹೆಂಗಸರಿಗೆ ಶಕ್ತಿ ಯೋಜನೇನೂ ನಡೆಯುತ್ತೆ. ಬಸ್ಸಿನ ಆರ್‌ಸಿ ಯಾರ ಹೆಸರಲ್ಲಿದೆ ಅಂತ ಯಾರಾದ್ರೂ ಕೇಳ್ತಾರಾ? ಸ್ಕೈವೆಸ್ಟೂ ಹಂಗೇ. 1972ರಲ್ಲಿ ಯೂಟಾ ರಾಜ್ಯದಲ್ಲಿ ಶುರುವಾದ ಕಂಪನಿ, ಯುನೈಟೆಡ್‌ನ ಸ್ವಂತದ್ದಲ್ಲ. ಪೈಲಟ್ಟು, ಗಗನಸಖಿಯರು ಅವರ ಕಡೆಯೋರು. ಟಿಕೆಟ್ ಮಾರೋದು, ದರ ಇಡೋದು, ಟೈಮ್ ಟೇಬಲ್ ಹಾಕೋದು ಯುನೈಟೆಡ್, ಹಾರಿಸಿದ್ದಕ್ಕೆ ಇಂತಿಷ್ಟು ಅಂತ ಸ್ಕೈವೆಸ್ಟಿಗೆ ಕೊಟ್ಬಿಡುತ್ತೆ. ಆ ಡಿಬಿಎ ಅನ್ನೋ ಮೂರಕ್ಷರದ ಅರ್ಥ ಅಷ್ಟೇ, ವ್ಯವಹಾರವೆಲ್ಲ ಯುನೈಟೆಡ್ ಎಕ್ಸ್‌ಪ್ರೆಸ್ ಹೆಸರಲ್ಲಿ ಅಂತ. ಪ್ರಯಾಣಿಕನಿಗೆ ಇದು ಯುನೈಟೆಡ್ ವಿಮಾನವೇ, ಹಾಗಾಗಿ ಸ್ಟಾರ್ ಅಲಯನ್ಸ್ ವಿಮಾನವೂ ಹೌದು. ಇನ್ನೂ ಮಜಾ ಕೇಳಿ, ಇದೇ ಸ್ಕೈವೆಸ್ಟ್ ಡೆಲ್ಟಾ ಏರ್‌ಲೈನಿಗೂ ಹಾರಿಸುತ್ತೆ, ಅದು ಸ್ಕೈಟೀಮ್ ಅನ್ನೋ ಬೇರೆ ಕೂಟ. ಅಮೆರಿಕನ್‌ಗೂ ಅಲಾಸ್ಕಾಗೂ ಹಾರಿಸುತ್ತೆ, ಅವೆರಡೂ ಒನ್‌ವರ್ಲ್ಡ್ ಅನ್ನೋ ಮೂರನೇ ಕೂಟ. ಒಂದೇ ಕಂಪನಿ ಮೂರೂ ಅಲಯನ್ಸಿನ ಮನೇಲಿ ಊಟ ಮಾಡಿ ಯಾವ ಮನೆಗೂ ಸೇರದೇ ಆರಾಮಾಗಿದೆ! ನೀವು ಹತ್ತಿದ ವಿಮಾನದ ಮೈಮೇಲೆ ಯಾರ ಬಣ್ಣ ಇದೆಯೋ ಅವರ ಅಲಯನ್ಸು ನಿಮ್ಮದು.

ಸರಿ, ನಡೆದದ್ದಕ್ಕೆ ಬರ್ತೀನಿ. ಟಿಕೆಟ್ ಒಂದೇ ಆಗಿದ್ರಿಂದ ಬೆಂಗ್ಳೂರಲ್ಲೇ ಮೂರು ಬ್ಯಾಗಿಗೂ ಕೊನೇ ಊರಿನ ತನಕ ಚೀಟಿ ಅಂಟಿಸಿದ್ರು, ಎಲ್ಲಾ 23 ಕೆಜಿದು. ಮೂರನೇದು ಪೂರ್ತಿ ಅಮ್ಮನ ಬ್ಯಾಗು, ಹುಳಿಪುಡಿ, ಚಟ್ನಿಪುಡಿ, ಕೋಡುಬಳೆ, ಅಕ್ಕನ ಮಗಳಿಗೆ ಲಂಗ ದಾವಣಿ. ಶಿಕಾಗೋದಲ್ಲಿ ಟರ್ಮಿನಲ್ 5ರಲ್ಲಿ ಇಳಿದು ಕಸ್ಟಮ್ಸಿಗೆ ಬ್ಯಾಗೆಲ್ಲ ಎತ್ತಿ ಮತ್ತೆ ಬೆಲ್ಟಿಗೆ ಕೊಟ್ಟು, ಏರ್‌ಪೋರ್ಟಿನ ಪುಟ್ಟ ರೈಲು ಹಿಡಿದು ಟರ್ಮಿನಲ್ 1ಕ್ಕೆ ಬಂದೆ. ಬೋರ್ಡಿಂಗ್ ಪಾಸ್ ನೋಡಿದ್ರೆ ಹೆಸರಿನ ಹತ್ರ ಸ್ಟಾರ್ ಗೋಲ್ಡ್ ಅಂತ ಅಚ್ಚಾಗಿದೆ, ಗ್ರೂಪ್ 1. ಅದನ್ನ ನೋಡಿದ್ಮೇಲೇ ಜೀವ ಬಂದಿದ್ದು.

ಲಾಂಜ್ ಬಾಗಿಲ ಹತ್ರ ಫೋನಲ್ಲಿ ಅಕ್ಕನ ಹತ್ರ ಮಾತಾಡ್ತಿದ್ದೆ, ಪಕ್ಕದಲ್ಲಿದ್ದೋರು ಫೋನ್ ಇಡೋ ತನಕ ಕಾದು "ಕನ್ನಡದೋರಾ ಸಾರ್?" ಅಂದ್ರು. ದಾವಣಗೆರೆಯೋರು, ಅಲ್ಲೇ ಬೆಂಟನ್‌ವಿಲ್ಲಲ್ಲಿ ಕೆಲಸ, ಅದೇ ವಿಮಾನ. ಅವರ ಹತ್ರ ಯುನೈಟೆಡ್‌ನದ್ದೇ ಗೋಲ್ಡ್ ಕಾರ್ಡ್ ಇದೆ, ತಿಂಗಳಿಗೆ ಎರಡು ಸಲ ಇದೇ ದಾರೀಲಿ ಓಡಾಡ್ತಾರೆ. ಆದ್ರೆ ಲಾಂಜಿಗೆ ಪ್ರವೇಶ ಇಲ್ಲ. ಯಾಕಂದ್ರೆ ಯುನೈಟೆಡ್ ತನ್ನ ಸ್ವಂತ ಗೋಲ್ಡ್ ಮೆಂಬರುಗಳಿಗೆ ಬರೀ ದೇಶದೊಳಗಿನ ಪ್ರಯಾಣ ಆದ್ರೆ ಲಾಂಜ್ ಕೊಡಲ್ಲ, ಬೇರೆ ಏರ್‌ಲೈನಿನ ಸ್ಟಾರ್ ಗೋಲ್ಡಿಗೆ ಕೊಡುತ್ತೆ. ಊರಿನೋರು ಹೊರಗೆ, ನೆಂಟ ಒಳಗೆ. ಸ್ಟಾರ್ ಗೋಲ್ಡಿಗೆ ಅದೇ ವಿಮಾನದ ಒಬ್ಬ ಗೆಸ್ಟ್ ಕರ್ಕೊಂಡು ಹೋಗಬಹುದು, "ಬನ್ನಿ ಸಾರ್, ನನ್ನ ಗೆಸ್ಟ್ ಆಗಿ" ಅಂದೆ. "ನಂದೇ ಏರ್‌ಲೈನಿಗೆ ನೀವು ಕರ್ಕೊಂಡು ಹೋಗ್ತಿದೀರಲ್ಲ ಸಾರ್, ಅದೂ ಏರ್ ಇಂಡಿಯಾ ಕಾರ್ಡಲ್ಲಿ" ಅಂತ ಬಿದ್ದು ಬಿದ್ದು ನಕ್ರು. ಒಳಗೆ ಸೂಪು, ಚೀಸು, ಹಸಿ ತರಕಾರಿ, ಕಾಫಿ. ನಮ್ಮ ಹೊಟ್ಟೆಗೆ ಸಾಲಲ್ಲ, ಕೂರೋಕೆ ಜಾಗ ಸಿಕ್ತು ಅಷ್ಟೇ, ಆದ್ರೆ ಇಪ್ಪತ್ತು ಗಂಟೆ ಪ್ರಯಾಣ ಆದ್ಮೇಲೆ ಮುಖ ತೊಳ್ಕೊಂಡು ಕಾಲು ಚಾಚೋದೇ ದೊಡ್ಡದು.

ಹೋಗುವಾಗ ಸಿಕ್ಕಿದ್ದು ಎಂಬ್ರಾಯರ್ 175. ಎರಡು ಕಡೆಗೂ ಎರಡೆರಡೇ ಸೀಟು, ನಡುವಿನ ಸೀಟಿನ ಕಾಟ ಇಲ್ಲ, ಮುಂದೆ ಫಸ್ಟ್ ಕ್ಲಾಸೂ ಇದೆ. ಆದ್ರೆ ಆಸೆ ಪಡಬೇಡಿ, ಫ್ರೀ ಅಪ್‌ಗ್ರೇಡು, ಕಾಲು ಚಾಚೋ ಎಕಾನಮಿ ಪ್ಲಸ್ಸು ಎಲ್ಲಾ ಯುನೈಟೆಡ್‌ನ ಸ್ವಂತ ಮೆಂಬರುಗಳಿಗೆ. ಲಾಂಜಲ್ಲಿ ನನ್ನ ಗೆಸ್ಟ್ ಆಗಿದ್ದ ದಾವಣಗೆರೆ ಸಾರು ಮುಂದೆ ಕಾಲು ಚಾಚಿ ಕೂತಿದ್ರು, ನಾನು ಹಿಂದೆ. ಲೆಕ್ಕ ಚುಕ್ತಾ.

ವಾಪಸ್ ಬರುವಾಗ ಸಿಆರ್‌ಜೆ 200, 50 ಸೀಟಿಂದು. ಇದರಲ್ಲಿ ಗೋಲ್ಡು ಇದ್ರೂ ಒಂದೇ ಇಲ್ಲದಿದ್ರೂ ಒಂದೇ. ಕಿಟಕಿ ಭುಜಕ್ಕಿಂತ ಕೆಳಗೆ, ಹೊರಗೆ ನೋಡೋಕೆ ಬಗ್ಗಬೇಕು. ಗ್ರೂಪ್ 1 ಅಂತ ಮೊದಲೇ ಹತ್ತಿ ಏನ್ ಮಾಡೋದು, ಚಕ್ರದ ಕ್ಯಾಬಿನ್ ಬ್ಯಾಗ್ ಮೇಲಿನ ಗೂಡಲ್ಲಿ ಹಿಡಿಯೋದೇ ಇಲ್ಲ, ಬಾಗಿಲಲ್ಲೇ ಚೀಟಿ ಕಟ್ಟಿ ಕೆಳಗೆ ಇಸ್ಕೊಂಡು ಇಳಿಯುವಾಗ ಅಲ್ಲೇ ಕೊಡ್ತಾರೆ. ಲ್ಯಾಪ್‌ಟಾಪು, ಮಾತ್ರೆ ಇದ್ರೆ ಮೊದಲೇ ತೆಗೆದು ಕೈಲಿಟ್ಕೊಳ್ಳಿ. ಬುಕ್ ಮಾಡುವಾಗ ಯಾವ ವಿಮಾನ ಅಂತ ಬರೆದಿರುತ್ತೆ, ಟೈಮ್ ಹೊಂದಿದ್ರೆ 175 ಇರೋದನ್ನೇ ತಗೊಳ್ಳಿ.

ಹಾಗಂತ ಸಣ್ಣ ವಿಮಾನದಲ್ಲೆಲ್ಲ ಕಾರ್ಡ್ ನಡೆಯುತ್ತೆ ಅನ್ಕೋಬೇಡಿ, ತಂಗಿ ಕಂಪನಿಗಳ ಕಥೆಯೇ ಬೇರೆ. ಅವು ತಮ್ಮದೇ ಹೆಸರು, ತಮ್ಮದೇ ಕೋಡ್, ತಮ್ಮದೇ ರೂಲ್ಸ್ ಇಟ್ಕೊಂಡಿರ್ತವೆ. ಸ್ಕೂಟ್ ಸಿಂಗಪುರ್ ಏರ್‌ಲೈನ್ಸ್ ಮನೆದು, ಯೂರೋವಿಂಗ್ಸ್ ಲುಫ್ತಾನ್ಸಾ ಮನೆದು, ಏರ್ ಇಂಡಿಯಾ ಎಕ್ಸ್‌ಪ್ರೆಸ್ ಏರ್ ಇಂಡಿಯಾ ಮನೆದು, ಮೂರೂ ಸ್ಟಾರ್ ಅಲಯನ್ಸಲ್ಲಿಲ್ಲ. ಕ್ವಾಂಟಾಸ್‌ನ ಜೆಟ್‌ಸ್ಟಾರೂ ಒನ್‌ವರ್ಲ್ಡಲ್ಲಿಲ್ಲ. ಕೂಲಿಯವನಿಗೆ ಮೊದಲ ಪಂಕ್ತೀಲಿ ಎಲೆ, ಮನೆ ಮಗನಿಗೆ ಜಗಲಿ. ಯುನೈಟೆಡ್ ಎಕ್ಸ್‌ಪ್ರೆಸ್, ಏರ್ ಇಂಡಿಯಾ ಎಕ್ಸ್‌ಪ್ರೆಸ್, ಎರಡರಲ್ಲೂ ಎಕ್ಸ್‌ಪ್ರೆಸ್ ಇದೆ ಅಂತ ಒಂದೇ ತರ ಅನ್ಕೊಂಡು ಮಂಗಳೂರಿಂದ ದುಬೈಗೆ ಹೊರಟೋರು ಕಾರ್ಡ್ ಹಿಡ್ಕೊಂಡು ಲಾಂಜ್ ಹುಡುಕಬೇಡಿ. ಮೈಲ್ಸ್ ವಿಷಯವೂ ಬೇರೆ, ಅಲಯನ್ಸಲ್ಲಿ ಇಲ್ಲದಿದ್ರೂ ಕೆಲವು ತಂಗಿಯರು ಅಕ್ಕನ ಪಾಯಿಂಟ್ಸ್ ಕೊಡ್ತಾರೆ, ಸ್ಕೂಟಲ್ಲಿ ಸಿಂಗಪುರ್ ಏರ್‌ಲೈನ್ಸಿನ ಕ್ರಿಸ್‌ಫ್ಲೈಯರ್ ಮೈಲ್ಸ್ ಸಿಗುತ್ತೆ, ಲಾಂಜ್ ಮಾತ್ರ ಕೇಳಬೇಡಿ.

ನಮ್ಮ ಊರಿನ ವಿಮಾನಗಳದ್ದು ಇನ್ನೂ ತಮಾಷೆ. ಬೆಳಗಾವಿ, ಕಲಬುರಗಿಗೆಲ್ಲ ಹಾರಿದ ಸ್ಟಾರ್ ಏರ್ ಹೆಸರಲ್ಲಿ ಸ್ಟಾರ್ ಇದೆ, ಸರ್ಕಾರದ ಅಲಯನ್ಸ್ ಏರ್ ಹೆಸರಲ್ಲಿ ಅಲಯನ್ಸ್ ಇದೆ, ಎರಡಕ್ಕೂ ಸ್ಟಾರ್ ಅಲಯನ್ಸಿಗೂ ನಂಟಿಲ್ಲ. ಟಾಟಾದವರು 2022ರಲ್ಲಿ ಏರ್ ಇಂಡಿಯಾ ತಗೊಂಡಾಗ ಅಲಯನ್ಸ್ ಏರ್ ಸರ್ಕಾರದ ಹತ್ರವೇ ಉಳೀತು. ಸ್ಟಾರ್ ಏರ್‌ನವರ 50 ಸೀಟಿನ ಎಂಬ್ರಾಯರ್ 145 ಇದೆಯಲ್ಲ, ಅದೇ ಮಾಡೆಲ್ಲು ಯುನೈಟೆಡ್ ಎಕ್ಸ್‌ಪ್ರೆಸ್ಸಲ್ಲೂ ಓಡುತ್ತೆ. ಬೆಳಗಾವೀಲಿ ಹತ್ತಿದ್ರೆ ಗೋಲ್ಡ್ ಕಾರ್ಡು ಪರ್ಸಲ್ಲೇ ಇರಲಿ, ಅಮೆರಿಕದಲ್ಲಿ ಹತ್ತಿದ್ರೆ ಹೊರಗೆ ತೆಗೀರಿ.

ರೇಟಿಂಗ್ ಅಂದ್ರೆ 175ಕ್ಕೆ ಐದಕ್ಕೆ ನಾಲ್ಕು, ಸಿಆರ್‌ಜೆಗೆ ಎರಡೂವರೆ, ಅದೂ ಸಿಬ್ಬಂದಿ ಒಳ್ಳೆಯೋರಿದ್ರು ಅಂತ. ಮಹಾರಾಜ ಕ್ಲಬ್ ನಂಬರು ಬುಕ್ ಮಾಡುವಾಗಲೇ ಹಾಕಿದ್ದೆ, ಸಣ್ಣ ವಿಮಾನದ ಪಾಯಿಂಟ್ಸೂ ಬಂತು, ಬಹಳ ಕಮ್ಮಿ, ಆದ್ರೂ ಬಂತು. ಬುಕಿಂಗ್ ಕ್ಲಾಸಿನ ಅಕ್ಷರ ನೋಡ್ಕೊಳ್ಳಿ, ತೀರಾ ಅಗ್ಗದ ಟಿಕೆಟ್ಟಿಗೆ ಕೆಲವು ಸಲ ಏನೂ ಸಿಗಲ್ಲ. ಮೂರು ಬ್ಯಾಗಿಗೂ ಪ್ರಯಾರಿಟಿ ಚೀಟಿ ಇತ್ತು, ಎಪ್ಪತ್ತು ಜನರ ವಿಮಾನದಲ್ಲಿ ಅದಕ್ಕೇನು ಅರ್ಥ, ಎಲ್ಲರದ್ದೂ ಒಟ್ಟಿಗೇ ಬಂತು. ಅಮ್ಮನ ಬ್ಯಾಗ್ ಬೆಲ್ಟಿಗೆ ಬೀಳೋಕೆ ಮುಂಚೆಯೇ ಹುಳಿಪುಡಿ ವಾಸನೆ ಬಂತು ಅಂತ ಅಕ್ಕ ಈಗಲೂ ಹೇಳ್ತಾಳೆ.