ಟ್ರ್ಯಾಕ್ಟರ್, ಸ್ಪ್ರೇಯರ್, ಬೇಲಿ: ಮಲೆನಾಡಿನ ಮಳೆಗಾಲಕ್ಕೆ ಯಾವ ಬ್ಯಾಟರಿ ಎಷ್ಟು ಬಾಳಿತು

ನಮ್ಮ ಕಡೆ ಟ್ರ್ಯಾಕ್ಟರ್ ಎಲ್ಲಿ ನಿಲ್ಲಿಸಿದ್ದಾರೆ ಅಂತ ನೋಡಿದರೆ ಸಾಕು, ಅದರ ಬ್ಯಾಟರಿ ಗತಿ ಗೊತ್ತಾಗುತ್ತೆ. ಅಂಗಳದ ಏರಿನಲ್ಲಿ ಮೂತಿ ಕೆಳಗೆ ಮಾಡಿ, ಗಾಲಿಗೆ ಒಂದು ಕಲ್ಲು ಕೊಟ್ಟು ನಿಲ್ಲಿಸಿದ್ದಾರೆ ಅಂದರೆ ಸೆಲ್ಫ್ ಹೊಡೆಯೋ ಆಸೆ ಬಿಟ್ಟಾಗಿದೆ ಅಂತಲೇ ಅರ್ಥ. ಕಲ್ಲು ತೆಗೆದು, ಇಳಿಜಾರಲ್ಲಿ ಬಿಟ್ಟು, ಗೇರಿಗೆ ಹಾಕಿ ಸ್ಟಾರ್ಟ್ ಮಾಡೋದು. ತೀರ್ಥಹಳ್ಳಿಯಿಂದ ಹೊಸನಗರದ ತನಕ ಇಂಥವು ಬೇಕಾದಷ್ಟು ಸಿಗುತ್ತವೆ. ಕಲ್ಲು ತೆಗೆಯುವಾಗ ಮುಂದೆ ನಿಂತವನ ಮೇಲೆ ಗಾಡಿ ಹರಿಯೋ ಅಪಾಯ ಬೇರೆ. ಆರೇಳು ಸಾವಿರದ ಬ್ಯಾಟರಿಗಾಗಿ ಯಾರೂ ಆ ರಗಳೆಗೆ ಹೋಗಬಾರದು.

ನನ್ನದು 2014ರಲ್ಲಿ ತಗೊಂಡ ನಲವತ್ತು ಚಿಲ್ಲರೆ ಎಚ್‌ಪಿಯ ಟ್ರ್ಯಾಕ್ಟರ್. 12 ವೋಲ್ಟ್, 80 ಎಎಚ್ (ಆಂಪಿಯರ್-ಅವರ್, ಬ್ಯಾಟರಿ ಎಷ್ಟು ಚಾರ್ಜ್ ಹಿಡಿಯುತ್ತೆ ಅನ್ನೋ ಅಳತೆ) ಬ್ಯಾಟರಿ, ಈಗಿರೋದು ಮೂರನೆಯದು. ಇದರ ಜೊತೆಗೆ ಬೆನ್ನಿಗೆ ಹಾಕೋ ಬ್ಯಾಟರಿ ಸ್ಪ್ರೇಯರ್, ತೋಟದ ಸುತ್ತ ಸೋಲಾರ್ ಬೇಲಿ, ಈಚೆಗೆ ಒಂದು ಬ್ಯಾಟರಿ ಕಳೆ ಕಟರ್. ಎಲ್ಲದರ ಅನುಭವ ಬರೆಯುತ್ತೇನೆ. ಕಂಪನಿ ಹೆಸರು ಹಾಕೋದಿಲ್ಲ. ದೊಡ್ಡ ಕಂಪನಿಗಳ ಎರಡೂ ಬ್ರ್ಯಾಂಡ್ ಬಳಸಿ ಆಗಿದೆ, ಆಯಸ್ಸಿನಲ್ಲಿ ಕಂಡ ವ್ಯತ್ಯಾಸ ಬ್ರ್ಯಾಂಡಿನಿಂದ ಬಂದದ್ದಲ್ಲ. ಗಾಡಿ ಕೂರೋ ತಿಂಗಳುಗಳಲ್ಲಿ ಬ್ಯಾಟರಿಯನ್ನ ಹೇಗೆ ಇಟ್ಟಿದ್ದೆವು ಅನ್ನೋದರಿಂದ ಬಂದದ್ದು.

ಗಾಡಿ ಜೊತೆ ಬಂದ ಮೊದಲನೇ ಬ್ಯಾಟರಿ ಐದು ವರ್ಷ ಬಂತು. ಎರಡನೆಯದಕ್ಕೆ ಮೂರು ವರ್ಷವೂ ತುಂಬಲಿಲ್ಲ. ಮೂರನೆಯದು 2021ರ ಕೊನೆಗೆ ಹಾಕಿದ್ದು, ಈಗಲೂ ಬೆಳಿಗ್ಗೆ ಒಂದೇ ಸೆಲ್ಫಿಗೆ ಹೊತ್ತಿಕೊಳ್ಳುತ್ತೆ. ಮಜಾ ಏನಂದರೆ ಎರಡನೆಯದೂ ಮೂರನೆಯದೂ ಒಂದೇ ಕಂಪನಿಯ ಒಂದೇ ಮಾಡೆಲ್.

ಚನ್ನಗಿರಿ ಕಡೆ ನಮ್ಮ ಭಾವನ ಟ್ರ್ಯಾಕ್ಟರ್ ಇದೆ. ಅಲ್ಲಿ ಬಿಸಿಲು ಜಾಸ್ತಿ, ಬ್ಯಾಟರಿಗೆ ಬಿಸಿ ಆಗಿಬರೋದಿಲ್ಲ. ಹತ್ತು ಡಿಗ್ರಿ ಏರಿದರೆ ಆಯಸ್ಸು ಸುಮಾರು ಅರ್ಧಕ್ಕೆ ಬರುತ್ತೆ ಅನ್ನೋದು ಈ ಕಸುಬಿನವರ ಹಳೇ ಲೆಕ್ಕ. ಆ ಲೆಕ್ಕದಲ್ಲಿ ಮಲೆನಾಡಿನ ತಂಪಿಗೆ ನಮ್ಮ ಬ್ಯಾಟರಿಯೇ ಹೆಚ್ಚು ಬಾಳಬೇಕಿತ್ತು. ಆದರೆ ಭಾವನ ಗಾಡಿ ವರ್ಷಪೂರ್ತಿ ಬಾಡಿಗೆಗೆ ಓಡುತ್ತೆ, ದಿನಾ ಏಳೆಂಟು ಗಂಟೆ ಆಲ್ಟರ್ನೇಟರ್ (ಎಂಜಿನ್ ಓಡುವಾಗ ಕರೆಂಟು ಹುಟ್ಟಿಸೋ ಭಾಗ) ಚಾರ್ಜ್ ಕೊಡುತ್ತಲೇ ಇರುತ್ತೆ. ನಮ್ಮದು ಗದ್ದೆ ಹೂಟಿ, ನಾಟಿ ಮುಗಿದ ಮೇಲೆ ಶೆಡ್ ಸೇರಿದರೆ ಹೊರಗೆ ಬರೋದು ಕೊಯ್ಲಿನ ಹೊತ್ತಿಗೆ. ಆಗಸ್ಟ್‌ನಿಂದ ಹೆಚ್ಚುಕಮ್ಮಿ ನವೆಂಬರ್ ತನಕ ಹೊದಿಕೆ ಹೊದ್ದು ಕೂತಿರುತ್ತೆ.

ಹೀಗೆ ಕೂತಾಗ ಏನಾಗುತ್ತೆ? ವೈರ್ ಬಿಚ್ಚಿಟ್ಟರೂ ನೀರು ಹಾಕೋ ಮಾದರಿಯ ಬ್ಯಾಟರಿ ತಿಂಗಳಿಗೆ ನೂರಕ್ಕೆ ಐದರ ಆಸುಪಾಸು ತಾನಾಗಿ ಇಳಿಯುತ್ತೆ, ಹಳೆಯದಾದರೆ ಇನ್ನೂ ಜಾಸ್ತಿ. ಅದು ದೊಡ್ಡ ವಿಷಯವಲ್ಲ. ಎರಡನೇ ಬ್ಯಾಟರಿ ಕಾಲದಲ್ಲಿ ನಮ್ಮ ಹುಡುಗರು ಗಾಡಿಗೆ ಸ್ಪೀಕರ್ ಸೆಟ್ ಕೂರಿಸಿದ್ದರು, ಕೀ ತೆಗೆದರೂ ಗಡಿಯಾರ ಮತ್ತು ಸ್ಟೇಷನ್ ನೆನಪು ಉಳಿಯಲಿ ಅಂತ ಒಂದು ವೈರ್ ಸೀದಾ ಬ್ಯಾಟರಿಗೆ ಹೋಗಿತ್ತು. ಮೀಟರ್ ಹಿಡಿದು ನೋಡಿದಾಗ ಎಳೆಯುತ್ತಿದ್ದದ್ದು ಬರೀ 20 ಮಿಲಿಆಂಪ್. ಏನೂ ಅಲ್ಲ ಅನ್ನಿಸುತ್ತೆ. ಲೆಕ್ಕ ಹಾಕಿ: ದಿನಕ್ಕೆ ಅರ್ಧ ಎಎಚ್, ತಿಂಗಳಿಗೆ ಹದಿನಾಲ್ಕೂವರೆ, ಮೂರು ತಿಂಗಳಿಗೆ 43. 80ರ ಬ್ಯಾಟರಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಹಾಡು ಕೇಳದೇ ಖಾಲಿ.

ಇಳಿದದ್ದು ಚಾರ್ಜ್ ಮಾಡಿದರೆ ಏರುತ್ತಲ್ಲ ಅಂತ ಕೇಳಬಹುದು. ಏರುತ್ತೆ, ಕೂಡಲೇ ಮಾಡಿದರೆ. ಚಾರ್ಜ್ ಇಳಿಯುವಾಗ ಸೀಸದ ಪ್ಲೇಟಿನ ಮೇಲೆ ಸಲ್ಫೇಟ್ ಕೂರುತ್ತೆ, ಚಾರ್ಜ್ ಕೊಟ್ಟಾಗ ಅದು ಬಿಟ್ಟು ವಾಪಸ್ ಆಸಿಡ್ಡಿಗೆ ಸೇರುತ್ತೆ. ತಿಂಗಳುಗಟ್ಟಲೆ ಬಿಟ್ಟರೆ ಡಬ್ಬಿಯ ತಳದಲ್ಲಿ ಜೋನಿ ಬೆಲ್ಲ ಹರಳುಗಟ್ಟಿದ ಹಾಗೆ ಗಟ್ಟಿ ಹರಳಾಗಿ ಕೂತುಬಿಡುತ್ತೆ. ಅಷ್ಟು ಜಾಗದ ಪ್ಲೇಟ್ ಲೆಕ್ಕಕ್ಕಿಲ್ಲ. ಹೊರಗಿಂದ ನೋಡಿದರೆ ಬ್ಯಾಟರಿ 80 ಎಎಚ್ಚಿನದೇ, ಒಳಗೆ ಉಳಿದಿರೋದು ಮೂವತ್ತೋ ನಲವತ್ತೋ.

ಎರಡನೇ ಬ್ಯಾಟರಿಯನ್ನ ಶಿವಮೊಗ್ಗದ ಸಾಗರ ರಸ್ತೆ ಆಟೋ ಕಾಂಪ್ಲೆಕ್ಸಿಗೆ ಹೊತ್ತುಕೊಂಡು ಹೋಗಿದ್ದೆ. ಅಲ್ಲಿನ ಬ್ಯಾಟರಿ ಅಂಗಡಿ ಭಾಯಿ ಹಿಂದಿನ ರಾತ್ರಿಯಿಡೀ ಚಾರ್ಜಿಗೆ ಹಾಕಿ, ಬೆಳಿಗ್ಗೆ ವೈರ್ ತೆಗೆದು, ಟೀ ಕುಡಿದು ಬಂದು ಮೀಟರ್ ಇಟ್ಟರು. 10.5. ಆಮೇಲೆ ಆರೂ ಮುಚ್ಚಳ ತಿರುಗಿಸಿ ತೆಗೆದು, ಆಸಿಡ್ ಎಷ್ಟು ಗಟ್ಟಿ ಅಂತ ತೋರಿಸೋ ಹೈಡ್ರೋಮೀಟರಿನ ರಬ್ಬರ್ ಬುರುಡೆ ಒತ್ತಿ ಒಂದೊಂದೇ ಸೆಲ್ಲಿನಿಂದ ಆಸಿಡ್ ಎಳೆದು ಟ್ಯೂಬ್‌ಲೈಟಿಗೆ ಹಿಡಿದು ತೋರಿಸಿದರು. ಐದರಲ್ಲಿ ಒಳಗಿನ ತೇಲು ಹಸಿರು ಪಟ್ಟಿಯ ತನಕ ಎದ್ದು ನಿಂತಿತು. ನೆಗೆಟಿವ್ ಕಡೆಯಿಂದ ಎರಡನೇ ಸೆಲ್ಲಿನಲ್ಲಿ ತಳ ಬಿಟ್ಟು ಏಳಲೇ ಇಲ್ಲ, ಆಸಿಡ್ ಕೂಡ ಮಂಕು ಕಂದು.

"ಐದು ಪಾಸು, ಒಂದು ಫೇಲು ಗೌಡ್ರೆ. ಇದನ್ನ ಇನ್ನೂ ಎರಡು ದಿನ ಚಾರ್ಜಿಗೆ ಹಾಕಿದ್ರೆ ನನ್ನ ಕರೆಂಟು ದಂಡ ಅಷ್ಟೆ."

ಒಂದು ಸೆಲ್ 2.1 ವೋಲ್ಟ್, ಆರು ಸೇರಿದರೆ 12.6. ಪೂರ್ತಿ ಚಾರ್ಜ್ ಮಾಡಿದ ಮೇಲೂ 10.5 ತೋರಿಸಿದರೆ ಒಂದು ಸೆಲ್ ಸತ್ತಿದೆ. ಇದಕ್ಕೆ ರಿಪೇರಿ ಇಲ್ಲ. "ಪ್ಲೇಟ್ ಬದಲಾಯಿಸಿ ಕೊಡ್ತೀವಿ", "ಪೌಡರ್ ಹಾಕಿ ಹೊಸದು ಮಾಡ್ತೀವಿ" ಅನ್ನೋರ ಮಾತಿಗೆ ನಾನು ಕಿವಿ ಕೊಡೋದಿಲ್ಲ.

ವಾರಂಟಿ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಸಾಮಾನ್ಯವಾಗಿ ಕಾರ್ಡಿನಲ್ಲಿ ಎರಡು ಸಂಖ್ಯೆ ಕೂಡಿಸಿ ಬರೆದಿರುತ್ತಾರೆ. ಮೊದಲನೇ ಅವಧಿಯಲ್ಲಿ ಕೆಟ್ಟರೆ ಉಚಿತ ಬದಲಿ, ಎರಡನೇ ಅವಧಿಯಲ್ಲಿ ರಿಯಾಯಿತಿ. ಬರೆದಿರೋ ಒಟ್ಟು ತಿಂಗಳು ನೋಡಿ ಖುಷಿಪಡಬೇಡಿ, ಮೊದಲನೇ ಸಂಖ್ಯೆಯೇ ನಿಜವಾದ ವಾರಂಟಿ. ರಿಯಾಯಿತಿಯನ್ನ ಎಂಆರ್‌ಪಿ ಮೇಲೆ ಲೆಕ್ಕ ಹಾಕುತ್ತಾರೆ, ಅಂಗಡಿಯಲ್ಲಿ ಹೊಸ ಬ್ಯಾಟರಿ ಮಾರೋದೇ ಎಂಆರ್‌ಪಿಗಿಂತ ಎಷ್ಟೋ ಕಡಿಮೆಗೆ. ಮೇಲಾಗಿ ಹಳೇ ಬ್ಯಾಟರಿ ಕಂಪನಿಗೆ ಹೋಗುತ್ತೆ, ಅದರ ಗುಜರಿ ದುಡ್ಡೂ ಇಲ್ಲ. ನನಗೆ ಎರಡೂ ಲೆಕ್ಕ ಹಾಕಿದಾಗ ವಾರಂಟಿ ದಾರಿಗಿಂತ ಹಳೇದನ್ನ ಎಕ್ಸ್‌ಚೇಂಜ್ ಕೊಟ್ಟು ಹೊಸದು ಕೊಳ್ಳೋದೇ ಅಗ್ಗ ಬಿತ್ತು.

ಮೂರನೇ ಬ್ಯಾಟರಿ ಕೂರಿಸುವಾಗಲೇ ನೆಗೆಟಿವ್ ವೈರಿಗೆ ಕಟ್‌ಆಫ್ ಸ್ವಿಚ್ ಹಾಕಿಸಿದೆ. ಕೆಲವು ನೂರು ರೂಪಾಯಿ. ಗಾಡಿ ಶೆಡ್ಡಿಗೆ ಬಂದ ಕೂಡಲೇ ಅರ್ಧ ಸುತ್ತು ತಿರುಗಿಸಿದರೆ ಸ್ಪೀಕರ್, ಲೈಟು ಎಲ್ಲ ಬಂದ್. ಇಷ್ಟು ಕಡಿಮೆ ದುಡ್ಡಿಗೆ ಇಷ್ಟು ಉಪಯೋಗಕ್ಕೆ ಬಂದ ಸಾಮಾನು ಟ್ರ್ಯಾಕ್ಟರಿನಲ್ಲಿ ಇನ್ನೊಂದಿಲ್ಲ. ಸ್ವಿಚ್ ಬೇಡ ಅನ್ನೋರು ಸ್ಪ್ಯಾನರ್ ಹಾಕಿ ನೆಗೆಟಿವ್ ಬಿಚ್ಚಿಟ್ಟರೂ ಆಯಿತು. ಬಿಚ್ಚುವಾಗ ನೆಗೆಟಿವ್ ಮೊದಲು, ಹಾಕುವಾಗ ನೆಗೆಟಿವ್ ಕೊನೆಗೆ. ಉಲ್ಟಾ ಮಾಡಿ ಸ್ಪ್ಯಾನರ್ ಗಾಡಿಯ ಕಬ್ಬಿಣಕ್ಕೆ ತಗುಲಿದರೆ ಕಿಡಿ ಹಾರುತ್ತೆ.

ಎರಡನೇ ಬದಲಾವಣೆ, ಕೂತ ತಿಂಗಳುಗಳಲ್ಲಿ ತಿಂಗಳಿಗೊಮ್ಮೆ ಚಾರ್ಜರ್ ಹಾಕೋದು. ತುಂಬಿದಾಗ ತಾನೇ ನಿಲ್ಲೋ ಆಟೋಮ್ಯಾಟಿಕ್ ಚಾರ್ಜರ್ ತಗೊಳ್ಳಿ, 80ರ ಬ್ಯಾಟರಿಗೆ 8 ಆಂಪ್ ಸಾಕು. ನಮ್ಮಲ್ಲಿ ಗಾಳಿ ಮಳೆಗೆ ಲೈನ್ ಮೇಲೆ ಮರ ಬಿದ್ದರೆ ಕರೆಂಟು ಬರೋದು ಮೂರನೇ ದಿನವೋ ನಾಲ್ಕನೇ ದಿನವೋ, ಹಾಗಾಗಿ ಕರೆಂಟು ಇದ್ದ ದಿನ ಮುಂದೂಡದೇ ಹಾಕಿಬಿಡೋದು. ಬಚ್ಚಲ ಒಲೆ ಪಕ್ಕ ಬೆಚ್ಚಗಿದೆ ಅಂತ ಅಲ್ಲಿಟ್ಟು ಚಾರ್ಜ್ ಮಾಡಬೇಡಿ. ಚಾರ್ಜ್ ಆಗುವಾಗ ಹೈಡ್ರೋಜನ್ ಬರುತ್ತೆ, ಬೆಂಕಿ ಹತ್ತಿರ ಬೇಡವೇ ಬೇಡ.

"ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ ಹತ್ತು ನಿಮಿಷ ಬಿಡು ಮಾರಾಯ" ಅನ್ನೋ ಸಲಹೆ ಊರಲ್ಲಿ ಎಲ್ಲರೂ ಕೊಡುತ್ತಾರೆ. ನಾನು ಒಪ್ಪೋದಿಲ್ಲ. ಐಡ್ಲಿಂಗಿನಲ್ಲಿ ಆಲ್ಟರ್ನೇಟರ್ ಪೂರ್ತಿ ಕೊಡೋದಿಲ್ಲ, ಅರೆ ಇಳಿದ ಬ್ಯಾಟರಿಯ ಕೊನೆಯ ಭಾಗ ತುಂಬೋಕೆ ಗಂಟೆಗಟ್ಟಲೆ ಬೇಕು. ಹತ್ತು ನಿಮಿಷದಲ್ಲಿ ಡೀಸೆಲ್ ಹೊಗೆ ಬರುತ್ತೆ ಅಷ್ಟೆ.

ಮನೆಯಲ್ಲಿ ಮುನ್ನೂರು ನಾನೂರು ರೂಪಾಯಿಯ ಮಲ್ಟಿಮೀಟರ್ ಒಂದಿರಲಿ. ರಾತ್ರಿಯಿಡೀ ಸುಮ್ಮನಿದ್ದ ಬ್ಯಾಟರಿ ಬೆಳಿಗ್ಗೆ 12.6 ತೋರಿಸಿದರೆ ಪೂರ್ತಿ, 12.4 ಮುಕ್ಕಾಲು, 12.2 ಅರ್ಧ, 12ರ ಹತ್ತಿರ ಬಂದರೆ ಇವತ್ತೇ ಚಾರ್ಜಿಗೆ. ಸೆಲ್ಫ್ ಹೊಡೆಯುವಾಗ ಇನ್ನೊಬ್ಬರು ಮೀಟರ್ ಹಿಡಿದು ನೋಡಲಿ, 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿ ಸುಸ್ತಾಗಿದೆ. ಎಂಜಿನ್ ಓಡುವಾಗ 13.8ರಿಂದ 14.4ರೊಳಗೆ ಇರಬೇಕು. ಅದಕ್ಕಿಂತ ಕಡಿಮೆಯಿದ್ದರೆ ಬೆಲ್ಟೋ ಆಲ್ಟರ್ನೇಟರೋ ನೋಡಿಸಿ, 15ರ ಕಡೆ ಹೋದರೆ ರೆಗ್ಯುಲೇಟರ್ (ವೋಲ್ಟೇಜ್ ಮಿತಿ ಮೀರದಂತೆ ತಡೆಯೋ ಭಾಗ) ಕೆಟ್ಟು ಬ್ಯಾಟರಿ ನೀರು ಕುದಿಯುತ್ತಿದೆ. ಎಷ್ಟೋ ಜನ ಬ್ಯಾಟರಿಯದ್ದೇ ದೋಷ ಅಂತ ಹೊಸದು ಹಾಕಿ, ಅದನ್ನೂ ಅದೇ ರೆಗ್ಯುಲೇಟರಿಗೆ ಬಲಿ ಕೊಡುತ್ತಾರೆ.

ನಮ್ಮ ತೇವಕ್ಕೆ ಟರ್ಮಿನಲ್ಲಿನಲ್ಲಿ ಬಿಳಿ-ಹಸಿರು ಬೂಷ್ಟು ಬೇಗ ಕಟ್ಟುತ್ತೆ. ಅಡುಗೆ ಸೋಡಾ ಕದಡಿದ ಬಿಸಿನೀರಲ್ಲಿ ಉಜ್ಜಿ, ಒಣಗಿಸಿ, ವ್ಯಾಸಲೀನ್ ಸವರಿದರೆ ಸಾಕು. ನೀರು ಕಡಿಮೆಯಾದರೆ ಡಿಸ್ಟಿಲ್ಡ್ ವಾಟರ್ ಮಾತ್ರ, ಬಾವಿ ನೀರು ಎಷ್ಟೇ ತಿಳಿಯಾಗಿದ್ದರೂ ಬೇಡ, ಆಸಿಡ್ ಅಂತೂ ಬೇಡವೇ ಬೇಡ. ಬ್ಯಾಟರಿ ಹಿಡಿದಿಡೋ ಕ್ಲ್ಯಾಂಪ್ ಸಡಿಲವಿದ್ದರೆ ನಮ್ಮ ಕಲ್ಲು ರಸ್ತೆಯ ಕುಲುಕಿಗೆ ಪ್ಲೇಟಿನ ಪುಡಿ ಉದುರಿ ತಳದಲ್ಲಿ ಶಾರ್ಟ್ ಆಗುತ್ತೆ. ಅದನ್ನೂ ವರ್ಷಕ್ಕೊಮ್ಮೆ ಬಿಗಿ ಮಾಡಿ.

ಕೊಳ್ಳುವಾಗ: ಕೆಲವು ಟ್ರ್ಯಾಕ್ಟರ್ ಬ್ಯಾಟರಿ ಒಣದಾಗಿ ಬಂದು ಅಂಗಡಿಯಲ್ಲಿ ಆಸಿಡ್ ತುಂಬುತ್ತಾರೆ. ತುಂಬಿದ ಮೇಲೆ ಮೊದಲನೇ ಚಾರ್ಜ್ ಪೂರ್ತಿ ಆಗಬೇಕು. "ಗಾಡಿಯಲ್ಲೇ ಚಾರ್ಜ್ ಆಗುತ್ತೆ ಬಿಡಿ" ಅಂತ ಅರ್ಧ ಗಂಟೆಯಲ್ಲಿ ಕೈಗೆ ಕೊಟ್ಟರೆ ತಗೊಳ್ಳಬೇಡಿ, ಮಾರನೇ ದಿನ ಬರುತ್ತೇನೆ ಅನ್ನಿ. ತುಂಬಿಸಿಯೇ ಬಂದದ್ದಾದರೆ ತಯಾರಾದ ತಿಂಗಳು ಕೇಳಿ. 2025ರ ಸೆಪ್ಟೆಂಬರ್ 22ರಿಂದ ಸೀಸದ ಬ್ಯಾಟರಿಯ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ, ಹಳೇ ದರಪಟ್ಟಿ ತೋರಿಸಿದರೆ ಇದನ್ನ ನೆನಪು ಮಾಡಿ.

ಒಟ್ಟಿನಲ್ಲಿ ಟ್ರ್ಯಾಕ್ಟರ್ ಬ್ಯಾಟರಿಗೆ ನನ್ನ ಕಡೆಯಿಂದ ಐದಕ್ಕೆ ನಾಲ್ಕು.

ಸ್ಪ್ರೇಯರ್ ಬ್ಯಾಟರಿಗೆ ಐದಕ್ಕೆ ಒಂದೂವರೆ. ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯೋಕೆ ಹೇಗೂ ದೊಡ್ಡ ಪಂಪೇ ಬೇಕು, ಇದು ಶುಂಠಿಗೆ, ಕಾಳುಮೆಣಸಿಗೆ, ತರಕಾರಿ ಸಾಲಿಗೆ. ಒಳಗಿರೋದು 12 ವೋಲ್ಟ್ 8 ಎಎಚ್ಚಿನ ಸೀಲ್ಡ್ ಬ್ಯಾಟರಿ. ಪೂರ್ತಿ ಖಾಲಿ ಮಾಡಿ ತುಂಬಿಸುತ್ತಾ ಹೋದರೆ ಇಂಥದ್ದು ಇನ್ನೂರು ಮುನ್ನೂರು ಸಲಕ್ಕೆ ಮುಗಿಯುತ್ತೆ, ಆದರೆ ನಮ್ಮಲ್ಲಿ ಅಷ್ಟು ಸಲ ಬಳಸೋ ಮೊದಲೇ ಹೋಗುತ್ತೆ. ಕಾರಣ ಮೇಲಿನದೇ. ಔಷಧಿ ಹೊಡೆದು, ಪಂಪು ಸುಯ್ ಅಂತ ನಿಂತಾಗ ಖಾಲಿ ಬ್ಯಾಟರಿಯನ್ನೇ ಮೂಲೆಗಿಡೋದು. ಹೊಡೆದ ದಿನ ರಾತ್ರಿಯೇ ಚಾರ್ಜಿಗೆ ಹಾಕಿದರೆ ಎರಡನೇ ವರ್ಷ ಕಾಣುತ್ತೆ.

ಈಗ ಎಲ್ಲರೂ ಇದಕ್ಕೆ ಲಿಥಿಯಂ ಹಾಕಿಸುತ್ತಿದ್ದಾರೆ. ಹಗುರ, ಹಾಕಿಸಿ. ಆದರೆ ಹಳೇ ಚಾರ್ಜರ್ ಬಳಸಬೇಡಿ. ಮೂರು ಸೆಲ್ ಸಾಲಿನ ಲಿಥಿಯಂ ಪ್ಯಾಕ್ 12.6ಕ್ಕೆ ತುಂಬಿಹೋಗುತ್ತೆ, ಸೀಸದ ಬ್ಯಾಟರಿಯ ಚಾರ್ಜರ್ 14ರ ಮೇಲೂ ತಳ್ಳುತ್ತಲೇ ಇರುತ್ತೆ. ಒಳಗಿನ ರಕ್ಷಣಾ ಬೋರ್ಡ್ ಕೈಕೊಟ್ಟರೆ ಬೆಂಕಿ. ನಾಲ್ಕು ಸೆಲ್ಲಿನ ಲಿಥಿಯಂ ಐರನ್ ಫಾಸ್ಫೇಟ್ ಆದರೆ ಈ ಭಯ ಕಡಿಮೆ, ಎರಡು ಸಾವಿರ ಸಲದ ತನಕವೂ ಬಾಳುತ್ತೆ.

ಬೇಲಿ ಬ್ಯಾಟರಿಯದ್ದು ಬೇರೆಯೇ ಕಥೆ. ಹಂದಿ ಕಾಟ ಜಾಸ್ತಿ ಇರೋದೂ ಮಳೆಗಾಲದಲ್ಲೇ, ಸೋಲಾರ್ ಪ್ಯಾನೆಲ್ ಕೈಕೊಡೋದೂ ಆಗಲೇ. ಜುಲೈನ ಮೋಡದಲ್ಲಿ ಪ್ಯಾನೆಲ್ ಕೊಡೋದು ಬೇಸಿಗೆಯ ಒಂದು ಚೂರು ಮಾತ್ರ, ಬೇಲಿ ಮಷಿನ್ ಮಾತ್ರ ಸೆಕೆಂಡಿಗೊಂದರಂತೆ ಹಗಲೂ ರಾತ್ರಿ ಹೊಡೆಯುತ್ತಲೇ ಇರುತ್ತೆ. ದೊಡ್ಡ ಪ್ಯಾನೆಲ್ ಹಾಕಿಸಿ ಅಂತ ಮಾರೋರು ಹೇಳುತ್ತಾರೆ, ಮೋಡದಡಿ ಅದೂ ಅಷ್ಟಕ್ಕಷ್ಟೆ. ನಾವು ಒಂದೇ ಅಳತೆಯ ಎರಡು ಬ್ಯಾಟರಿ ಇಟ್ಟುಕೊಂಡಿದ್ದೇವೆ. ಒಂದು ಬೇಲಿಯಲ್ಲಿ, ಒಂದು ಮನೆಯ ಚಾರ್ಜರಿನಲ್ಲಿ. 12.2 ಕಂಡ ಕೂಡಲೇ ಬದಲಿ. ಜೋರು ಮಳೆಯಲ್ಲಿ ಬ್ಯಾಟರಿ ಹೊತ್ತು ಜಿಗಣೆ ಕಚ್ಚಿಸಿಕೊಂಡು ತೋಟದ ತುದಿಗೆ ಹೋಗೋದು ಸುಖದ ಕೆಲಸವಲ್ಲ, ಆದರೆ ಎರಡೂ ಇನ್ನೂ ಗಟ್ಟಿಯಿವೆ.

ಕಳೆ ಕಟರಿನ ಬಗ್ಗೆ ತೀರ್ಪು ಕೊಡೋಕೆ ಇನ್ನೂ ಎರಡು ಮಳೆಗಾಲ ಬೇಕು. ಮಾರುಕಟ್ಟೆಯಲ್ಲಿ 48, 68, 98 'ವಿಎಫ್' ಅಂತ ಬರೆದ ಪ್ಯಾಕುಗಳನ್ನ ಮಾತ್ರ ವೋಲ್ಟೇಜ್ ಅಂತ ನಂಬಬೇಡಿ. ಸಾಮಾನ್ಯವಾಗಿ ಒಳಗಿರೋದು 3.6-3.7 ವೋಲ್ಟಿನ ಐದು ಸೆಲ್ಲಿನ ಸಾಲು, ಕೂಡಿದರೆ 18 ಚಿಲ್ಲರೆ. ಲಿಥಿಯಂ ಪ್ಯಾಕನ್ನ ತಿಂಗಳುಗಟ್ಟಲೆ ಇಡೋದಾದರೆ ಪೂರ್ತಿ ತುಂಬಿಸಿ ಇಡಬೇಡಿ, ಅರ್ಧದಷ್ಟು ಚಾರ್ಜ್ ಮಾಡಿ ಒಣ ಜಾಗದಲ್ಲಿಡಿ. ಸೀಸದ್ದಕ್ಕೂ ಇದಕ್ಕೂ ಕ್ರಮ ಪೂರ್ತಿ ಉಲ್ಟಾ. ಯಂತ್ರ ಕೊಳ್ಳೋ ಮೊದಲು ಅದೇ ಪ್ಯಾಕ್ ಬಿಡಿಯಾಗಿ ಸಿಗುತ್ತಾ, ಎಷ್ಟು ಅಂತ ಕೇಳಿಕೊಳ್ಳಿ. ಯಂತ್ರದ ಅರ್ಧ ಬೆಲೆ ಹೇಳಿದರೆ ನನಗೆ ಪೆಟ್ರೋಲಿನದ್ದೇ ವಾಸಿ ಅನ್ನಿಸುತ್ತೆ.

ಹಳೇ ಬ್ಯಾಟರಿಯನ್ನ ಊರೂರು ಸುತ್ತೋ ಗುಜರಿಯವರಿಗೆ ಕೊಡಬೇಡಿ. ತೂಕ ಕಡಿಮೆ ಮಾಡೋಕೆ ಆಸಿಡ್ಡನ್ನ ಅಲ್ಲೇ ಚರಂಡಿಗೆ ಸುರಿದು ಹೋಗುತ್ತಾರೆ, ಅದು ಇಳಿಯೋದು ನಮ್ಮದೇ ತೋಟದ ಕಪ್ಪಿಗೆ (ನೀರು ಬಸಿಯೋ ಕಾಲುವೆಗೆ). 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಹಳೇದನ್ನ ವಾಪಸ್ ಸಂಗ್ರಹಿಸೋ ಹೊಣೆ ತಯಾರಕರದ್ದು. ಅಂಗಡಿಯಲ್ಲಿ ಎಕ್ಸ್‌ಚೇಂಜ್ ಕೊಟ್ಟರೆ ಟ್ರ್ಯಾಕ್ಟರ್ ಬ್ಯಾಟರಿಗೆ ನನಗೆ ಸಾವಿರದ ಮೇಲೆ ಕಡಿಮೆ ಮಾಡಿದರು. ಸ್ಪ್ರೇಯರಿನ ಸಣ್ಣ ಬ್ಯಾಟರಿಯಲ್ಲಿರೋದೂ ಸೀಸವೇ, ಭಾಯಿ ಅದನ್ನೂ ತೂಕಕ್ಕೆ ತಗೊಳ್ಳುತ್ತಾರೆ.