ಚಾ, ಕೋಲಾ, ಕವಳ ಬಿಡುವವರಿಗೆ ಶಿರಸಿ ಪೇಟೆಯ ಬದಲಿ ಸಾಮಾನು: ಯಾವುದು ಕೊಳ್ಳಬಹುದು, ಯಾವುದು ಬೇಡ

ಒಂದು ತಿಂಗಳು ಚಾ ಬಿಟ್ಟು ನೋಡೋಣ, ಕೋಲಾ ಬಿಟ್ಟು ನೋಡೋಣ, ಊಟದ ಮೇಲಿನ ಕವಳ (ಎಲೆ-ಅಡಿಕೆ) ಬಿಟ್ಟು ನೋಡೋಣ ಎಂದು ಹೊರಟವರಿಗೆ ಶಿರಸಿಯಲ್ಲಿ ಬದಲಿ ಸಾಮಾನಿಗೆ ಬರವಿಲ್ಲ. ಸಹಕಾರಿ ಸಂಘದ ದೊಡ್ಡ ಮಳಿಗೆಯಿಂದ ಹಿಡಿದು ಮೂಲೆಯ ಕಿರಾಣಿ ಅಂಗಡಿಯವರೆಗೆ ಕಷಾಯ ಪುಡಿ, ಮುರುಗಲು (ಕೋಕಂ) ಸಿರಪ್, ಜೋನಿಬೆಲ್ಲ (ನೀರುಬೆಲ್ಲ), ಉಪ್ಪು ಹಚ್ಚಿ ಒಣಗಿಸಿದ ನೆಲ್ಲಿಕಾಯಿ ಎಲ್ಲವೂ ಸಿಗುತ್ತವೆ. ತೀರ್ಪು ಮೊದಲೇ ಹೇಳಿಬಿಡುತ್ತೇವೆ. ಕುದಿಸಿ, ನೆನೆಸಿ, ಜಗಿದು ಬಳಸಬೇಕಾದದ್ದು ಕೆಲಸಕ್ಕೆ ಬರುತ್ತದೆ. 'ನೀರಿಗೆ ಬೆರೆಸಿದರೆ ತಯಾರು' ಎಂಬ ಜಾತಿಯದು ಬಿಟ್ಟ ಸಕ್ಕರೆಯನ್ನೇ ಹಿತ್ತಲ ಬಾಗಿಲಿಂದ ಒಳಗೆ ಕರೆಯುತ್ತದೆ.

ಕಷಾಯ ಪುಡಿಯಿಂದಲೇ ಶುರು ಮಾಡೋಣ. ಈ ಸೀಮೆಯಲ್ಲಿ ಮನೆಗೆ ಬಂದವರಿಗೆ 'ಆಸರಿಗೆ ಚಾವೋ ಕಷಾಯವೋ' ಎಂದು ಕೇಳುವ ರೂಢಿಯೇ ಇರುವುದರಿಂದ ಚಾಕ್ಕೆ ಇದಕ್ಕಿಂತ ಸಲೀಸಾದ ಬದಲಿ ಇನ್ನೊಂದಿಲ್ಲ. ಆದರೆ ಪೊಟ್ಟಣದಿಂದ ಪೊಟ್ಟಣಕ್ಕೆ ಅಜಗಜಾಂತರ. ಕೊಳ್ಳುವಾಗ ಮೊದಲು ಹಿಂಬದಿ ತಿರುಗಿಸಿ ಪದಾರ್ಥಗಳ ಪಟ್ಟಿ ನೋಡಿ. ತೂಕದಲ್ಲಿ ಹೆಚ್ಚಿರುವುದನ್ನು ಮೊದಲು ಬರೆಯಬೇಕೆಂಬುದು ನಿಯಮ. ಕೊತ್ತಂಬರಿ, ಜೀರಿಗೆ ಮೊದಲೆರಡು ಹೆಸರಾಗಿದ್ದರೆ ಅದು ಕಷಾಯ ಪುಡಿ. ಸಕ್ಕರೆಯೋ ಹಾಲಿನ ಪುಡಿಯೋ ಮೊದಲು ಬಂದಿದ್ದರೆ ಅದು ಮಸಾಲೆ ಹಾಕಿದ ಸಕ್ಕರೆ, ಅಷ್ಟೇ. ಪಟ್ಟಿಯಲ್ಲಿ ಜ್ಯೇಷ್ಠಮಧು ಇದ್ದರೆ ಬಿಪಿ ಇರುವವರು ದಿನಾ ಕುಡಿಯಲು ಅದನ್ನು ಆರಿಸಬಾರದು. ಅದರಲ್ಲಿರುವ ಗ್ಲಿಸಿರೈಜಿನ್ ದೇಹದಲ್ಲಿ ಉಪ್ಪು ನೀರನ್ನು ಹಿಡಿದಿಟ್ಟು ಪೊಟ್ಯಾಸಿಯಂ ಇಳಿಸುತ್ತದೆ, ರಕ್ತದೊತ್ತಡ ಏರುತ್ತದೆ.

ಎರಡನೆಯದು ತರಿ. ಹಿಟ್ಟಿನಷ್ಟು ನುಣ್ಣಗೆ ಬೀಸಿದ ಪುಡಿ ಜರಡಿಯಲ್ಲಿ ನಿಲ್ಲುವುದಿಲ್ಲ, ಲೋಟದ ತಳದಲ್ಲಿ ಕೆಸರಾಗುತ್ತದೆ. ಮೆಂತೆ ಹೆಚ್ಚಿದ್ದರೆ ಅದರ ಲೋಳೆ ಬಿಟ್ಟು ಕಷಾಯ ದಪ್ಪಗಾಗಿ, ಕೊನೆಯ ಗುಟುಕು ಗಂಟಲಲ್ಲಿ ಇಳಿಯುವುದಿಲ್ಲ. ಚಾ ಬಿಟ್ಟವರು ಮತ್ತೆ ಚಾಕ್ಕೆ ಮರಳುವುದು ಹೆಚ್ಚಾಗಿ ಈ ಕೊನೆಯ ಗುಟುಕಿನಿಂದಲೇ ಎಂದು ನಮ್ಮ ಗುಮಾನಿ. ರವೆಯಷ್ಟು ತರಿಯಿರುವ ಪುಡಿ ಸಿಕ್ಕರೆ ಬಿಡಬೇಡಿ. ಮೂರನೆಯದು ಪುಡಿ ಮಾಡಿದ ದಿನಾಂಕ. ಕೊತ್ತಂಬರಿಯ ಪರಿಮಳವೆಲ್ಲ ಹಾರಿಹೋಗುವ ಎಣ್ಣೆಯದು, ಬೀಸಿದ ಮೇಲೆ ಎರಡು ಮೂರು ತಿಂಗಳಲ್ಲಿ ಸೊರಗುತ್ತದೆ. ಮಳೆಗಾಲದಲ್ಲಿ ಪುಡಿ ತೇವ ಎಳೆದು ಗಂಟು ಕಟ್ಟುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅರ್ಧ ಕಿಲೋ ಪೊಟ್ಟಣದ ಆಸೆಗೆ ಬೀಳದೆ 100 ಗ್ರಾಂ ತಂದು ಬಾಯಿ ಬಿಗಿಯಾದ ಗಾಜಿನ ಭರಣಿಗೆ ಹಾಕಿಡಿ.

ಮನೆಯಲ್ಲೇ ಮಾಡುವವರಿಗೆ ಅಳತೆ: ಕೊತ್ತಂಬರಿ ಬೀಜ 200 ಗ್ರಾಂ, ಜೀರಿಗೆ 100 ಗ್ರಾಂ, ಕಾಳುಮೆಣಸು 15 ಗ್ರಾಂ, ಒಣಶುಂಠಿ 15 ಗ್ರಾಂ, ಮೆಂತೆ 10 ಗ್ರಾಂ, ಹತ್ತು ಏಲಕ್ಕಿ. ಮೆಂತೆಯನ್ನು ಬೇರೆಯಾಗಿ, ಸಣ್ಣ ಉರಿಯಲ್ಲಿ, ಬಣ್ಣ ತಿರುಗುವ ಹೊತ್ತಿಗೆ ಇಳಿಸಿ. ಒಂದು ಕ್ಷಣ ತಡವಾದರೆ ಇಡೀ ಪುಡಿ ಕಹಿ. ಉಳಿದದ್ದು ಬೆಚ್ಚಗಾದರೆ ಸಾಕು. ಪೂರ್ತಿ ಆರಿದ ಮೇಲೆಯೇ ಮಿಕ್ಸಿಗೆ ಹಾಕಿ, ಇಲ್ಲದಿದ್ದರೆ ಉಗಿ ಒಳಗೇ ಉಳಿದು ಬೇಗ ಮುಗ್ಗುತ್ತದೆ.

ಒಂದು ಲೋಟಕ್ಕೆ 150 ಮಿ.ಲೀ. ನೀರು, ಒಂದು ಚಹಾ ಚಮಚ ಪುಡಿ, ನಾಲ್ಕೈದು ನಿಮಿಷ ಕುದಿ, ಆಮೇಲೆ 50 ಮಿ.ಲೀ. ಹಾಲು. ಹಾಲು ಒಡೆಯಿತು ಎಂಬ ದೂರಿಗೆ ಕಾರಣ ಎರಡು. ಹಸಿಶುಂಠಿಯಲ್ಲಿ ಹಾಲಿನ ಪ್ರೋಟೀನನ್ನು ಕತ್ತರಿಸುವ ಕಿಣ್ವವಿದೆ, ಕುದಿಯುವ ನೀರಲ್ಲಿ ಮೂರ್ನಾಲ್ಕು ನಿಮಿಷ ಬೆಂದರೆ ಅದು ಸಾಯುತ್ತದೆ. ಆದ್ದರಿಂದ ಶುಂಠಿ ಮೊದಲು, ಹಾಲು ನಂತರ. ಇನ್ನೊಂದು ಬೆಲ್ಲದ ಹುಳಿ. ಕುದಿಯುವ ಹಾಲಿಗೆ ಬೆಲ್ಲ ಹಾಕಿದರೆ ಒಡೆಯುವ ಸಂಭವ ಹೆಚ್ಚು. ಒಲೆಯಿಂದ ಇಳಿಸಿ ಒಂದೆರಡು ನಿಮಿಷ ಬಿಟ್ಟು ಹಾಕಿ, ಅಥವಾ ಲೋಟದಲ್ಲೇ ಬೆರೆಸಿಕೊಳ್ಳಿ.

ಇನ್ನು ತಲೆನೋವಿನ ಮಾತು. ಕಷಾಯ ಕುಡಿದರೆ ತಲೆ ಸಿಡಿಯುತ್ತದೆ, ಉಷ್ಣವಾಗುತ್ತದೆ ಎನ್ನುವವರಿದ್ದಾರೆ. ಕಷಾಯದ ತಪ್ಪಲ್ಲ ಅದು, ಕೆಫೀನ್ ನಿಂತದ್ದರ ಫಲ. ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಆಹಾರ ಮಾರ್ಗಸೂಚಿಯ ಪ್ರಕಾರ 150 ಮಿ.ಲೀ. ಚಾದಲ್ಲಿ 30ರಿಂದ 65 ಮಿ.ಗ್ರಾಂ ಕೆಫೀನ್ ಇರುತ್ತದೆ. ದಿನಕ್ಕೆ ನಾಲ್ಕೈದು ಲೋಟ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ 12ರಿಂದ 24 ಗಂಟೆಯೊಳಗೆ ತಲೆನೋವು, ಮಂಕು, ಸಿಡುಕು ಶುರುವಾಗಿ ಎರಡನೇ ದಿನ ಜೋರಾಗುತ್ತದೆ. ಕೆಲವರಿಗೆ ವಾರ ದಾಟಿಯೂ ಎಳೆಯುತ್ತದೆ. ಮದ್ದು ಸರಳ. ಮೂರು ದಿನಕ್ಕೊಂದು ಲೋಟದಂತೆ ಸಂಜೆಯ ಕಡೆಯಿಂದ ಕಡಿಮೆ ಮಾಡುತ್ತ ಬನ್ನಿ, ಬೆಳಗಿನ ಚಾ ಕೊನೆಗೆ ಬಿಡಿ. ಆ ಕೊನೆಯ ಲೋಟಕ್ಕೆ ಅರ್ಧ ಚಾಪುಡಿ, ಅರ್ಧ ಕಷಾಯ ಪುಡಿ ಹಾಕಿ ಕುದಿಸಿದರೆ ದಾಟುವುದು ಸುಲಭ.

ಹೀಗೆ ಮಾಡಿದರೆ ಕಷಾಯ ಪುಡಿಗೆ ಹತ್ತಕ್ಕೆ ಎಂಟು ಕೊಡುತ್ತೇವೆ. ಎರಡು ಅಂಕ ಕಳೆದದ್ದು ಜೋನಿಬೆಲ್ಲದ ಲೆಕ್ಕಕ್ಕೆ.

ಸಕ್ಕರೆ ಬಿಟ್ಟೆವು, ಜೋನಿಬೆಲ್ಲ ಹಾಕುತ್ತೇವೆ ಎಂಬುದು ಈ ಕಡೆ ದೊಡ್ಡ ಸಮಾಧಾನ. ಆಲೆಮನೆಯ ಹೊಸ ಜೋನಿಯ ರುಚಿಗೆ ಸಾಟಿಯಿಲ್ಲ, ಒಪ್ಪಿದೆವು. ಆದರೆ ಅದು ದಟ್ಟ ಪಾಕ. ಒಂದು ಚಹಾ ಚಮಚ ಜೋನಿಯ ತೂಕ ಸುಮಾರು 7 ಗ್ರಾಂ, ಅದರಲ್ಲಿ ಸಕ್ಕರೆಯಂಶ 5 ಗ್ರಾಂ ಹತ್ತಿರ. ಚಮಚ ಸಕ್ಕರೆಯೂ ಅಷ್ಟೇ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಸಕ್ಕರೆಗೆ ಹೇಳಿದ ಮಿತಿ ದಿನದ ಒಟ್ಟು ಶಕ್ತಿಯ ಶೇ. 10, ಸಾಧ್ಯವಾದರೆ ಶೇ. 5. ದಿನಕ್ಕೆ 2,000 ಕ್ಯಾಲೊರಿ ಉಣ್ಣುವವರಿಗೆ ಇದು 50 ಗ್ರಾಂ, ಸಾಧ್ಯವಾದರೆ 25 ಗ್ರಾಂ. ಈ ಲೆಕ್ಕದಲ್ಲಿ ಬೆಲ್ಲಕ್ಕೆ ರಿಯಾಯಿತಿ ಇಲ್ಲ. ಸೌಟಿನಲ್ಲಿ ಸುರಿಯದೆ ಚಮಚದಲ್ಲಿ ಅಳೆದು ಹಾಕಿ, ವಾರಕ್ಕೆ ಅರ್ಧ ಚಮಚ ತಗ್ಗಿಸಿ. ಚಳಿಯಲ್ಲಿ ತಳದಲ್ಲಿ ಹರಳು ಕಟ್ಟಿದರೆ ಕಲಬೆರಕೆ ಎಂದು ಬೆಚ್ಚಬೇಕಿಲ್ಲ, ಭರಣಿಯನ್ನು ಬಿಸಿನೀರಲ್ಲಿಟ್ಟರೆ ಕರಗುತ್ತದೆ. ನೊರೆ ಎದ್ದು ಹುಳಿ ವಾಸನೆ ಬಂದರೆ ಮಾತ್ರ ನೀರಂಶ ಹೆಚ್ಚಾಗಿ ಹುದುಗಿದೆ ಎಂದರ್ಥ. ಅಂಥದ್ದೇ ಕಷಾಯದ ಹಾಲನ್ನು ಒಡೆಯುವುದು.

ಮುರುಗಲು ಸಿರಪ್ಪಿಗೆ ಬರೋಣ. ಇದು ನಪಾಸು. ಮುರುಗಲಿನ ಮೇಲೆ ನಮಗೇನೂ ಸಿಟ್ಟಿಲ್ಲ, ಸಿಟ್ಟು ಬಾಟಲಿಯ ಮೇಲೆ. ಸಿರಪ್ ಎನಿಸಿಕೊಳ್ಳಲು ಕರಗಿದ ಘನಾಂಶ ಕನಿಷ್ಠ ಶೇ. 65 ಇರಬೇಕು, ಆ ಘನಾಂಶ ಬಹುಪಾಲು ಸಕ್ಕರೆಯೇ. ಒಂದು ಲೋಟಕ್ಕೆ 40 ಮಿ.ಲೀ. ಸುರಿದರೆ ಹತ್ತಿರ ಹತ್ತಿರ 34 ಗ್ರಾಂ. 250 ಮಿ.ಲೀ. ಕೋಲಾದಲ್ಲಿ ಇರುವುದು 26-27 ಗ್ರಾಂ. ಕೋಲಾ ಬಿಟ್ಟು ಮುರುಗಲು ಪಾನಕ ಕುಡಿದೆವು ಎಂದು ಹಿಗ್ಗುವವರು ಕೋಲಾವನ್ನೇ ಕುಡಿದಿದ್ದರೆ ಸಕ್ಕರೆ ಕಡಿಮೆಯಾಗುತ್ತಿತ್ತು!

ಕೊಳ್ಳಬೇಕಾದದ್ದು ಒಣ ಸಿಪ್ಪೆ. ಕಾರವಾರ, ಅಂಕೋಲೆ, ಕುಮಟೆ ಸಂತೆಗಳಲ್ಲಿ ಇದು ಉಪ್ಪು ಹಾಕಿದ್ದು, ಹಾಕದ್ದು ಎರಡೂ ಬಗೆಯಲ್ಲಿ ಸಿಗುತ್ತದೆ. ಪಾನಕಕ್ಕೆ ಉಪ್ಪಿಲ್ಲದ್ದು ಬೇಕು, ಕೇಳಿಯೇ ತೆಗೆದುಕೊಳ್ಳಿ. ಒಳ್ಳೆಯ ಸಿಪ್ಪೆ ಕಡುನೇರಳೆ, ಬಗ್ಗಿಸಿದರೆ ಬಗ್ಗುತ್ತದೆ. ಕಂದು ತಿರುಗಿ ಪಟ್ಟನೆ ಮುರಿದರೆ ಹಳೆಯದು. ಕಪ್ಪಗೆ ಹೊಗೆ ವಾಸನೆ ಹೊಡೆದರೆ ಅದು ಮುರುಗಲೇ ಅಲ್ಲ, ಉಪ್ಪಾಗೆ ಎಂಬ ಅದರ ಜಾತಿಯ ಇನ್ನೊಂದು ಹುಳಿಹಣ್ಣು. ಮಳೆಗಾಲದ ಹಣ್ಣಾದ್ದರಿಂದ ಬೆಂಕಿಯ ಮೇಲೆ ಒಣಗಿಸುತ್ತಾರೆ, ಅಡುಗೆಯ ಹುಳಿಗೆ ಸರಿ, ಲೋಟಕ್ಕಲ್ಲ. ಮುರುಗಲಿನ ಎಂಟು ಹೋಳುಗಳನ್ನು ತೊಳೆದು ಅರ್ಧ ಲೀಟರ್ ನೀರಲ್ಲಿ ಮೂರ್ನಾಲ್ಕು ತಾಸು ನೆನೆಸಿ ಕಿವುಚಿ ಸೋಸಿ. ಹುರಿದ ಜೀರಿಗೆ ಪುಡಿ, ಚಿಟಿಕೆ ಉಪ್ಪು. ಮೊದಲ ವಾರ ಒಂದು ಚಮಚ ಬೆಲ್ಲ ಇರಲಿ, ಆಮೇಲೆ ಬಿಡಿ.

ಕೋಲಾ ಬಿಟ್ಟವರಿಗೆ ಸಿಹಿಗಿಂತ ಮೂಗಿಗೇರುವ ಗ್ಯಾಸೇ ಹೆಚ್ಚು ನೆನಪಾಗುವುದುಂಟು. ಅಂಥವರು ಇದೇ ನೀರನ್ನು ಗಟ್ಟಿಯಾಗಿ ಮಾಡಿ 50 ಮಿ.ಲೀ.ಗೆ 150 ಮಿ.ಲೀ. ಬರೀ ಸೋಡಾ ಸೇರಿಸಬಹುದು. ಉಪ್ಪನ್ನು ಮುರುಗಲಿನಲ್ಲೇ ಮೊದಲು ಕರಗಿಸಿ, ಸೋಡಾವನ್ನು ಲೋಟದ ಅಂಚಿನಿಂದ ನಿಧಾನ ಸುರಿಯಿರಿ. ಸೋಡಾದ ಮೇಲೆ ಉಪ್ಪು ಉದುರಿಸಿದರೆ ಅರ್ಧ ಲೋಟ ಮೇಜಿನ ಪಾಲು. ಗುಟುಕು ಗುಟುಕಾಗಿ ತಾಸುಗಟ್ಟಲೆ ಹೀರುವುದು ಬೇಡ, ಆ ಹುಳಿ ಹಲ್ಲಿಗೆ ಒಳ್ಳೆಯದಲ್ಲ. ಕುಡಿದ ಮೇಲೆ ಬಾಯಿ ಮುಕ್ಕಳಿಸಿ.

ಬಾಳೆಕಾಯಿ ಚಿಪ್ಸ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಆಲೂ ಚಿಪ್ಸ್ ಬಿಟ್ಟು ಇದನ್ನು ಹಿಡಿದರೆ ಊರಿನ ರೈತನಿಗೆ ಲಾಭ, ಹೊಟ್ಟೆಗೆ ಅಲ್ಲ. ಎರಡೂ ಎಣ್ಣೆಯಲ್ಲಿ ಕರಿದದ್ದೇ. ಹಲಸಿನ ಹಪ್ಪಳವನ್ನು ಕೆಂಡದಲ್ಲಿ ಸುಟ್ಟುಕೊಂಡು ತಿಂದರೆ ಕುರುಕುರು ಸಿಗುತ್ತದೆ, ಎಣ್ಣೆ ಇರುವುದಿಲ್ಲ.

ಕವಳದ ಬದಲಿ ಕೊಳ್ಳುವಾಗ ಜಾಗ್ರತೆ ಬೇಕು. ತಂಬಾಕು ಬಿಟ್ಟು ಸುಗಂಧ ಅಡಿಕೆ ಪುಡಿಗೆ ಬರುವವರು ಅರ್ಧ ದಾರಿಯಲ್ಲೇ ನಿಂತಂತೆ. ಅಡಿಕೆಯ ಊರಲ್ಲಿ ಈ ಮಾತು ಹೇಳುವುದು ಕಷ್ಟ, ಆದರೂ ಹೇಳಲೇಬೇಕು: ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ತಂಬಾಕಿಲ್ಲದ ಕವಳವನ್ನೂ, ಬರೀ ಅಡಿಕೆಯನ್ನೂ ಕ್ಯಾನ್ಸರ್ ತರುವ ಮೊದಲ ಗುಂಪಿಗೇ ಸೇರಿಸಿದೆ. ಬಾಯಿ ಅಗಲವಾಗಿ ತೆರೆಯಲು ಬಾರದ, ಖಾರ ತಾಗಿದರೆ ಉರಿಯುವ ತೊಂದರೆ ಕಾಣಿಸಿದ್ದರೆ ಬದಲಿ ಹುಡುಕುತ್ತ ಕೂರದೆ ದಂತವೈದ್ಯರಲ್ಲಿ ಹೋಗಿ.

ಜಗಿಯಲು ನಮ್ಮ ಆಯ್ಕೆ ಒಣ ನೆಲ್ಲಿಕಾಯಿ. ಸಣ್ಣ ಚೂರು ದವಡೆಯಲ್ಲಿ ಹತ್ತು ನಿಮಿಷ ನಿಲ್ಲುತ್ತದೆ, ಜೊಲ್ಲು ಬರಿಸುತ್ತದೆ, ಅಡಿಕೆಯ ಒಗರಿನ ನೆನಪನ್ನೂ ತೀರಿಸುತ್ತದೆ. ಸಕ್ಕರೆ ಪಾಕದ್ದನ್ನು ಬಿಟ್ಟು ಶುಂಠಿ, ಉಪ್ಪಿನದನ್ನು ಕೊಳ್ಳಿ, ಬಿಪಿ ಇದ್ದವರು ಉಪ್ಪು ಕಡಿಮೆಯದನ್ನು. ಬಣ್ಣದ ಸಕ್ಕರೆ ಹೊದೆಸಿದ ಬಡೇಸೋಪು ಬೇಡ. ಹುರಿದ ಬಡೇಸೋಪು, ಎಳ್ಳು, ಸ್ವಲ್ಪ ಓಮ ಸಾಕು.

ತಂಬಾಕು ಹಾಕುತ್ತಿದ್ದವರಿಗೆ ನೆಲ್ಲಿಕಾಯಿ ಒಂದೇ ಸಾಲದು. ಔಷಧಿ ಅಂಗಡಿಯಲ್ಲಿ ಸಿಗುವ ನಿಕೋಟಿನ್ ಗಮ್ 2 ಮತ್ತು 4 ಮಿ.ಗ್ರಾಂನಲ್ಲಿ ಬರುತ್ತದೆ. ಎದ್ದ ಅರ್ಧ ಗಂಟೆಯೊಳಗೆ ತಂಬಾಕು ಬೇಕೆನಿಸುವವರಿಗೆ ಸಾಮಾನ್ಯವಾಗಿ 4 ಹೇಳುತ್ತಾರೆ, ವೈದ್ಯರನ್ನು ಕೇಳಿ ಆರಿಸಿ. ಚ್ಯೂಯಿಂಗ್ ಗಮ್ಮಿನ ಹಾಗೆ ಒಂದೇ ಸಮನೆ ಜಗಿದರೆ ನಿಕೋಟಿನ್ ಹೊಟ್ಟೆಗಿಳಿದು ಬಿಕ್ಕಳಿಕೆ, ವಾಕರಿಕೆ. ಬಾಯಿ ಜುಮ್ಮೆನ್ನುವವರೆಗೆ ಜಗಿದು ಕೆನ್ನೆಯ ಸಂದಿಯಲ್ಲಿ ಇಟ್ಟುಕೊಳ್ಳಿ, ಜುಮ್ಮು ಇಳಿದ ಮೇಲೆ ಮತ್ತೆ ಜಗಿಯಿರಿ, ಅರ್ಧ ಗಂಟೆ ಹೀಗೆ. ಮುರುಗಲು ನೀರು, ಒಣ ನೆಲ್ಲಿಕಾಯಿ, ಸೋಡಾ ಯಾವುದನ್ನೂ ಇದಕ್ಕೆ 15 ನಿಮಿಷ ಮೊದಲಾಗಲಿ ಗಮ್ ಬಾಯಲ್ಲಿರುವಾಗಾಗಲಿ ತೆಗೆದುಕೊಳ್ಳಬೇಡಿ. ಬಾಯಲ್ಲಿ ಹುಳಿಯಿದ್ದರೆ ನಿಕೋಟಿನ್ ಹೀರಿಕೆಯಾಗದೆ ಗಮ್ಮಿಗೆ ಕೊಟ್ಟ ದುಡ್ಡು ದಂಡ. ಸಲಹೆ ಬೇಕಾದರೆ ಸರ್ಕಾರದ ತಂಬಾಕು ಬಿಡಿಸುವ ಸಹಾಯವಾಣಿ 1800-11-2356, ಕರೆಗೆ ದುಡ್ಡಿಲ್ಲ.